ಹುಳಿ ಹಿಡಿಯುವ ರೀಲು

2024ರ ವೆನಿಸ್ ಚಿತ್ರೋತ್ಸವದಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಮತ್ತೆ ತೆರೆಗೆ ಬಂತು. 1977ರ ಈ ಚಿತ್ರದ ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದರ ಆಧಾರದ ಮೇಲೆ ಇಟಲಿಯ ಬೊಲೊನ್ಯಾದ ಲ್ಯಾಬೊಂದು ಚಿತ್ರವನ್ನು ದುರಸ್ತಿ ಮಾಡಿ ಹೊಸ ಪ್ರತಿ ಸಿದ್ಧಪಡಿಸಿತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆ ಹುಟ್ಟುಹಾಕಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೂಡಿ ಮಾಡಿಸಿದ ಕೆಲಸ ಇದು. ಎಸ್. ರಾಮಚಂದ್ರ ಅವರು ಕಪ್ಪು-ಬಿಳುಪಿನಲ್ಲಿ ಹಿಡಿದ ಬೆಳಕು-ನೆರಳು ಹೊಸ ತಲೆಮಾರಿನ ಕಣ್ಣಿಗೆ ಬೀಳುವಂತಾಯಿತು.

ಸುದ್ದಿ ಓದಿದ ಒಬ್ಬರು ಕೇಳಿದ್ದಾರೆ: ಎಲ್ಲ ಹಳೆಯ ಸಿನಿಮಾಗಳನ್ನೂ ಹೀಗೆ ಸ್ಕ್ಯಾನ್ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿದರೆ ಮುಗಿಯಿತಲ್ಲ, ಆ ಹಳೆಯ ಡಬ್ಬಿಗಳನ್ನು ಖರ್ಚು ಮಾಡಿ ಏಕೆ ಕಾಯಬೇಕು? ತುಂಬ ಜನರ ಮನಸ್ಸಿನಲ್ಲಿರುವ ಪ್ರಶ್ನೆ ಇದು. ಮುಗಿಯುವುದಿಲ್ಲ ಎಂಬುದೇ ನನ್ನ ಉತ್ತರ. ಅದಕ್ಕೆ ಕಾರಣ ರೀಲಿನ ರಸಾಯನಶಾಸ್ತ್ರದಲ್ಲಿದೆ.

1950ರ ಸುಮಾರಿನವರೆಗೆ ಸಿನಿಮಾ ರೀಲನ್ನು ಸೆಲ್ಯುಲೋಸ್ ನೈಟ್ರೇಟಿನಿಂದ ಮಾಡುತ್ತಿದ್ದರು. ತೆರೆಯ ಮೇಲೆ ಅದರ ಹೊಳಪೇ ಬೇರೆ. ಆದರೆ ಅದು ಸಿಡಿಮದ್ದಿನ ಹತ್ತಿರದ ಸಂಬಂಧಿ. ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನಲ್ಲೇ ಇರುವುದರಿಂದ ನೀರಲ್ಲಿ ಮುಳುಗಿಸಿದರೂ ಉರಿ ಆರುವುದಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ನೈಟ್ರೇಟ್ ರೀಲುಗಳನ್ನಿಟ್ಟಿದ್ದ ಕೋಣೆಗಳಿಗೆ ಬೆಂಕಿ ಬಿದ್ದು ಪ್ರಭಾತ್ ಸ್ಟುಡಿಯೊ ಕಾಲದ ಅಮೂಲ್ಯ ಚಿತ್ರಗಳು ಬೂದಿಯಾದವು. ನೈಟ್ರೇಟಿನ ಈ ಅಪಾಯ ತಪ್ಪಿಸಲೆಂದೇ ಕೊಡಾಕ್ ಕಂಪನಿ 1948ರ ಹೊತ್ತಿಗೆ ಸೆಲ್ಯುಲೋಸ್ ಟ್ರೈಅಸಿಟೇಟಿನ ರೀಲನ್ನು ತಂದಿತು. ಬೆಂಕಿಗೆ ಬೇಗ ಸಿಕ್ಕದ ಇದಕ್ಕೆ ‘ಸೇಫ್ಟಿ ಫಿಲ್ಮ್’ ಎಂದೇ ಹೆಸರಾಯಿತು. 1951ರಲ್ಲಿ ಕೊಡಾಕ್ ನೈಟ್ರೇಟ್ ರೀಲು ಮಾಡುವುದನ್ನೇ ನಿಲ್ಲಿಸಿತು.

ಹತ್ತು ವರ್ಷ ತುಂಬುವುದರೊಳಗೆ ಕಂಪನಿಗೆ ಒಂದು ದೂರು ಹೋಯಿತು. ಸುರಕ್ಷಿತ ಎನಿಸಿಕೊಂಡ ರೀಲು ಕೆಡುತ್ತಿದೆ ಎಂಬ ಮೊದಲ ವರದಿ ಅದು. ಬರೆದದ್ದು ಭಾರತ ಸರ್ಕಾರ. ನಮ್ಮ ಸೆಕೆಯಲ್ಲಿ, ನಮ್ಮ ಮಳೆಗಾಲದ ತೇವದಲ್ಲಿ ಇಟ್ಟ ರೀಲುಗಳು ಎಲ್ಲರಿಗಿಂತ ಮೊದಲು ರೋಗ ತೋರಿಸಿದ್ದವು. ಯುರೋಪು, ಅಮೆರಿಕದ ತಂಪು ಕೋಣೆಗಳಲ್ಲಿದ್ದ ರೀಲುಗಳಿಗೂ ಅದೇ ರೋಗ ಕಾದಿತ್ತು, ಕಾಣಿಸಿಕೊಳ್ಳುವುದು ತಡವಾಯಿತು ಅಷ್ಟೆ. ಪ್ರಪಂಚದ ಎಲ್ಲ ಸಂಗ್ರಹಾಲಯಗಳ ನಿದ್ದೆ ಕೆಡಿಸಿದ ಒಂದು ವಿಷಯವನ್ನು ಮೊದಲು ಗಮನಕ್ಕೆ ತಂದವರು ನಾವು ಎಂಬುದು ನಮ್ಮ ಸಿನಿಮಾ ಚರಿತ್ರೆಗಳಲ್ಲಿ ಕಾಣಸಿಗುವುದೇ ಅಪರೂಪ.

ಈ ರೋಗಕ್ಕೆ ವಿನೆಗರ್ ಸಿಂಡ್ರೋಮ್ ಎನ್ನುತ್ತಾರೆ. ಡಬ್ಬಿಯ ಮುಚ್ಚಳ ತೆಗೆದರೆ ಮೂಗಿಗೆ ಚುಚ್ಚುವ ವಿನೆಗರ್ ವಾಸನೆ. ಗಾಳಿಯ ತೇವ ಅಸಿಟೇಟಿನ ಅಣುವಿಗೆ ತಗುಲಿ ಅದರಿಂದ ಅಸಿಟಿಕ್ ಆಮ್ಲವನ್ನು ಬಿಡಿಸುತ್ತದೆ. ಬಿಡಿಸಿಕೊಂಡ ಆಮ್ಲ ಸುಮ್ಮನಿರುವುದಿಲ್ಲ, ಅದೇ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ.

ಹಾಲಿಗೆ ಹೆಪ್ಪು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಚಮಚ ಮೊಸರು ಬಿದ್ದರೆ ಪಾತ್ರೆ ತುಂಬ ಹಾಲು ಮೊಸರಾಗುತ್ತದೆ. ಮೊದಲ ಕೆಲವು ಗಂಟೆ ಏನೂ ಆದಂತೆ ತೋರುವುದಿಲ್ಲ, ಆಮೇಲೆ ನೋಡನೋಡುತ್ತ ಗಟ್ಟಿಯಾಗುತ್ತದೆ. ರೀಲೂ ಹೀಗೆಯೇ: ದಶಕಗಟ್ಟಲೆ ಸುಮ್ಮನಿದ್ದು, ಆಮ್ಲ ಒಂದು ಮಟ್ಟ ಮುಟ್ಟಿದ ಮೇಲೆ ಕೆಲವೇ ವರ್ಷಗಳಲ್ಲಿ ಹಾಳಾಗಿಬಿಡುತ್ತದೆ. ಬೇಸಿಗೆಯಲ್ಲಿ ಮೊಸರು ಸಂಜೆಯೊಳಗೆ ಹುಳಿ ಬರುತ್ತದೆ, ಮಾಗಿಯಲ್ಲಿ ಪಾತ್ರೆಗೆ ಬಟ್ಟೆ ಸುತ್ತಿ ಬೆಚ್ಚಗಿಟ್ಟರೂ ಬೇಗ ಹೆಪ್ಪುಗಟ್ಟುವುದಿಲ್ಲ. ರೀಲಿಗೂ ಸೆಕೆಯೇ ಶತ್ರು. ಫ್ರಿಜ್ಜಿನಲ್ಲಿಟ್ಟರೆ ಹುಳಿಯಾಗುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹುಳಿಯಾದದ್ದನ್ನು ಮತ್ತೆ ಹಾಲಾಗಿಸುವ ದಾರಿಯಂತೂ ಇಲ್ಲ. ಒಂದು ವ್ಯತ್ಯಾಸ ಮಾತ್ರ ನೆನಪಿಡಬೇಕು. ಹಾಲಿನಲ್ಲಿ ಕೆಲಸ ಮಾಡುವುದು ಜೀವಾಣು, ರೀಲಿನಲ್ಲಿ ಯಾವ ಜೀವವೂ ಇಲ್ಲ. ಔಷಧಿ ಸಿಂಪಡಿಸಿ ಕೊಲ್ಲಲು ಅಲ್ಲಿ ಏನೂ ಇರುವುದಿಲ್ಲ. ಆದರೂ ಇದು ಸೋಂಕಿನಂತೆ ಹರಡುತ್ತದೆ. ಒಂದು ರೀಲಿನಿಂದೆದ್ದ ಆಮ್ಲದ ಆವಿ ಪಕ್ಕದ ರೀಲಿಗೆ ತಗುಲಿ ಅಲ್ಲೂ ಹೆಪ್ಪಿನ ಕೆಲಸ ಮಾಡುತ್ತದೆ.

ಕೆಟ್ಟ ರೀಲನ್ನು ಹತ್ತಿರದಿಂದ ನೋಡಿದರೆ ರೋಗದ ನಡಿಗೆ ಗೊತ್ತಾಗುತ್ತದೆ. ಮೊದಲು ವಾಸನೆ. ಆಮೇಲೆ ಪಟ್ಟಿ ಕುಗ್ಗುತ್ತದೆ. ನೂರಕ್ಕೆ ಒಂದು ಪಾಲು ಕುಗ್ಗಿದರೂ ಅಂಚಿನ ತೂತುಗಳು ಪ್ರೊಜೆಕ್ಟರಿನ ಹಲ್ಲುಗಳಿಗೆ ಸರಿಯಾಗಿ ಕೂರದೆ ಹರಿಯಲು ಶುರುವಾಗುತ್ತವೆ. ಅಂಚು ಅಲೆ ಅಲೆಯಾಗಿ ಏಳುತ್ತದೆ. ಮೆತ್ತಗಿರಲೆಂದು ಬೆರೆಸಿದ್ದ ರಾಸಾಯನಿಕ ಹೊರಬಂದು ಬಿಳಿ ಹರಳುಗಳಾಗಿ ಕೂರುತ್ತದೆ. ಕಡೆಗೆ ಚಿತ್ರವಿರುವ ಜೆಲಟಿನ್ ಪದರ ಬುಡದಿಂದ ಕಿತ್ತು ಬರುತ್ತದೆ, ಪಟ್ಟಿ ಬಿಚ್ಚಲು ಹೋದರೆ ಮುರಿಯುತ್ತದೆ. ಮೂಗಿಗೆ ವಾಸನೆ ಬಡಿಯುವ ಮುನ್ನವೇ ಇದನ್ನು ಹಿಡಿಯಲು ಅಮೆರಿಕದ ರೋಚೆಸ್ಟರಿನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ಒಂದು ಪುಟ್ಟ ಕಾಗದದ ಪಟ್ಟಿಯನ್ನು ರೂಪಿಸಿತು. ಬ್ರೋಮೋಕ್ರೆಸಾಲ್ ಗ್ರೀನ್ ಎಂಬ ಬಣ್ಣ ಹೀರಿಸಿದ ನೀಲಿ ಕಾಗದ ಅದು. ಮುಚ್ಚಿದ ಡಬ್ಬಿಯಲ್ಲಿ ರೀಲಿನ ಜೊತೆ ಒಂದು ದಿನ ಇಟ್ಟು ತೆಗೆದರೆ, ಆಮ್ಲವಿದ್ದಷ್ಟೂ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿರುತ್ತದೆ. ಲ್ಯಾಬ್ ಬೇಡ, ಯಂತ್ರ ಬೇಡ. ಸಾವಿರಾರು ಡಬ್ಬಿಗಳಿರುವ ಕಡೆ ಮೊದಲು ಯಾವುದನ್ನು ನೋಡಬೇಕೆಂದು ಈ ಕಾಗದವೇ ಹೇಳುತ್ತದೆ. ಸಿನಿಮಾ ಉಳಿಸುವ ವಿಜ್ಞಾನದಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಧನ ಇದು.

ಇದೇ ಸಂಸ್ಥೆಯ ಲೆಕ್ಕದ ಪ್ರಕಾರ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 50 ತೇವಾಂಶದಲ್ಲಿ ಇಟ್ಟ ಹೊಸ ಅಸಿಟೇಟ್ ರೀಲು ರೋಗ ಹಿಡಿಯಲು ಸುಮಾರು 40 ವರ್ಷ ಬೇಕು. ಐದಾರು ಡಿಗ್ರಿ ಇಳಿಸಿದಾಗಲೆಲ್ಲ ಆ ಅವಧಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಏರಿಸಿದರೆ ಅರ್ಧವಾಗುತ್ತದೆ. ಮಂಗಳೂರಿನ 32 ಡಿಗ್ರಿ ಸೆಕೆಗೆ ಲೆಕ್ಕ ಹಾಕಿದರೆ ಉಳಿಯುವುದು ಹತ್ತು ವರ್ಷ. ಕರಾವಳಿಯ ತೇವವನ್ನು ಸೇರಿಸಿದರೆ ಅದೂ ಇಲ್ಲ. ತಂಪಾದ, ಒಣಗಿದ ಒಂದು ಕೋಣೆ, ಎಂದೂ ಕೈಕೊಡದ ಕರೆಂಟು, ಇಷ್ಟೇ ಮುಖ್ಯ ಚಿಕಿತ್ಸೆ. ನಾಲ್ಕು ಡಿಗ್ರಿಯಲ್ಲಿಟ್ಟ ಒಳ್ಳೆಯ ರೀಲು ಶತಮಾನಗಳ ಕಾಲ ಬಾಳಬಲ್ಲದು.

ಕೆಟ್ಟ ರೀಲನ್ನೂ ಎಸೆಯಬಾರದು ಏಕೆ ಎಂಬುದಕ್ಕೆ ಸತ್ಯಜಿತ್ ರಾಯ್ ಅವರ ‘ಅಪು’ ಚಿತ್ರಗಳ ಕಥೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. 1992ರಲ್ಲಿ ರಾಯ್ ಅವರಿಗೆ ಗೌರವ ಆಸ್ಕರ್ ಸಂದಿತು. ಅವರ ಚಿತ್ರಗಳನ್ನು ಉಳಿಸುವ ಯತ್ನ ಶುರುವಾಗಿ ಮೂಲ ನೆಗೆಟಿವ್‌ಗಳು ಲಂಡನ್ನಿಗೆ ಹೋದವು. 1993ರ ಜುಲೈಯಲ್ಲಿ ಅಲ್ಲಿನ ಹೆಂಡರ್ಸನ್ಸ್ ಲ್ಯಾಬಿಗೆ ಬೆಂಕಿ ಬಿತ್ತು. ‘ಪಥೇರ್ ಪಾಂಚಾಲಿ’, ‘ಅಪರಾಜಿತೊ’, ‘ಅಪುರ್ ಸಂಸಾರ್’ ಮೂರೂ ಸುಟ್ಟು ಕರಕಲಾದವು. ಆಗಿದ್ದ ಯಾವ ತಂತ್ರವೂ ಅವನ್ನು ಬದುಕಿಸುವಂತಿರಲಿಲ್ಲ. ಆದರೂ ಕರಗಿ ಅಂಟಿಕೊಂಡ ಆ ತುಣುಕುಗಳನ್ನು ಯಾರೂ ಕಸಕ್ಕೆ ಹಾಕಲಿಲ್ಲ. ಆಸ್ಕರ್ ಅಕಾಡೆಮಿಯ ಸಂಗ್ರಹಾಲಯ ಅವನ್ನು ಡಬ್ಬಿಗಳಲ್ಲಿ ತುಂಬಿ ಇಟ್ಟಿತು.

ಇಪ್ಪತ್ತು ವರ್ಷದ ಮೇಲೆ ಕ್ರೈಟೀರಿಯನ್ ಸಂಸ್ಥೆಯವರು ಆ ಡಬ್ಬಿಗಳನ್ನು ತೆರೆಸಿ ಬೊಲೊನ್ಯಾದ ಅದೇ ಲ್ಯಾಬಿಗೆ ಕಳಿಸಿದರು. ಒಣಗಿ ಗರಿಗರಿಯಾದ ಪಟ್ಟಿಗಳನ್ನು ವಿಶೇಷ ದ್ರಾವಣದಿಂದ ಮೆತ್ತಗಾಗಿಸಿದರು. ಅಂಟಿದ್ದ ಮೇಣ, ಗೋಂದುಗಳನ್ನು ಬಿಡಿಸಿದರು. ಸುಟ್ಟುಹೋದ ಅಂಚಿನ ತೂತುಗಳನ್ನು ಒಂದೊಂದಾಗಿ ಕೈಯಿಂದಲೇ ಮತ್ತೆ ಕಟ್ಟಿದರು. ಕೈಕೆಲಸವೇ ಸಾವಿರ ಗಂಟೆಯ ಹತ್ತಿರ ಹಿಡಿಯಿತು. ಕೊನೆಗೆ ‘ಪಥೇರ್ ಪಾಂಚಾಲಿ’ಯ ಶೇಕಡ 40ರಷ್ಟು, ‘ಅಪರಾಜಿತೊ’ದ ಶೇಕಡ 60ಕ್ಕೂ ಹೆಚ್ಚು ಭಾಗ ಮೂಲ ನೆಗೆಟಿವಿನಿಂದಲೇ ದಕ್ಕಿತು. ‘ಅಪುರ್ ಸಂಸಾರ್’ ಮಾತ್ರ ಕೈಗೆ ಸಿಗುವ ಸ್ಥಿತಿಯಲ್ಲಿರಲಿಲ್ಲ. ಅದಕ್ಕೂ, ಉಳಿದೆರಡರ ಕೊರತೆಗೂ ಬೇರೆ ಬೇರೆ ಕಡೆ ಕಾಪಾಡಿದ್ದ ಒಳ್ಳೆಯ ಪ್ರತಿಗಳನ್ನು ಹುಡುಕಿ ತಂದರು. 1993ರಲ್ಲೇ ಯಾರಾದರೂ ಇದರಿಂದ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿದ್ದರೆ ಈ ಕೆಲಸಕ್ಕೆ ಕಚ್ಚಾ ಸಾಮಗ್ರಿಯೇ ಇರುತ್ತಿರಲಿಲ್ಲ. ಇವತ್ತಿನ ಸ್ಕ್ಯಾನರಿಗೆ ಕಾಣದ್ದು ನಾಳಿನ ಸ್ಕ್ಯಾನರಿಗೆ ಕಂಡೀತು. ಅದಕ್ಕೆ ಮೂಲ ಇರಬೇಕು.

ಇನ್ನು ಹಾರ್ಡ್ ಡಿಸ್ಕಿನ ಮಾತು. 4ಕೆ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿದ ಒಂದು ಫ್ರೇಮು ಸುಮಾರು 50 ಮೆಗಾಬೈಟ್. ಸೆಕೆಂಡಿಗೆ 24 ಫ್ರೇಮು. ಎರಡು ಗಂಟೆಯ ಚಿತ್ರಕ್ಕೆ 1,72,800 ಫ್ರೇಮು, ಅಂದರೆ ಒಂಬತ್ತು ಟೆರಾಬೈಟಿನ ಹತ್ತಿರ. ಇದು ಕಚ್ಚಾ ಸ್ಕ್ಯಾನ್ ಮಾತ್ರ, ದುರಸ್ತಿಯಾದ ಪ್ರತಿ ಬೇರೆ. ಹಾರ್ಡ್ ಡಿಸ್ಕನ್ನು ಕಪಾಟಿನಲ್ಲಿಟ್ಟು ಮರೆತರೆ ಕೆಲವು ವರ್ಷಗಳ ಮೇಲೆ ಅದು ತಿರುಗುತ್ತದೆಂಬ ಭರವಸೆ ಇಲ್ಲ. ಸಂಗ್ರಹಾಲಯಗಳು ನೆಚ್ಚಿರುವುದು ಎಲ್‌ಟಿಒ ಎಂಬ ಮ್ಯಾಗ್ನೆಟಿಕ್ ಟೇಪನ್ನು. ಅದರಲ್ಲೂ ಹೊಸ ಯಂತ್ರಗಳು ಹೆಚ್ಚೆಂದರೆ ಒಂದೆರಡು ಪೀಳಿಗೆ ಹಿಂದಿನ ಟೇಪನ್ನಷ್ಟೇ ಓದಬಲ್ಲವು. ಆದ್ದರಿಂದ ಆಗಾಗ ಎಲ್ಲವನ್ನೂ ಹೊಸ ಟೇಪಿಗೆ ನಕಲು ಮಾಡುತ್ತಲೇ ಇರಬೇಕು. ಒಂದು ಸುತ್ತು ತಪ್ಪಿದರೆ ಮುಗಿಯಿತು. ಆಸ್ಕರ್ ಅಕಾಡೆಮಿ 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ಸಿನಿಮಾದ ಡಿಜಿಟಲ್ ಮೂಲಪ್ರತಿಯನ್ನು ಕಾಪಾಡುವ ವಾರ್ಷಿಕ ವೆಚ್ಚ ರೀಲನ್ನು ಕಾಪಾಡುವುದಕ್ಕಿಂತ 11 ಪಟ್ಟು ಹೆಚ್ಚು. ಆಮೇಲೆ ದರಗಳು ಇಳಿದಿವೆ, ಆದರೆ ನಕಲು ಮಾಡುವ ಸರದಿ ತಪ್ಪಿಲ್ಲ.

ಹಳೆಯ ಹಾಡುಗಳ ‘ಎಐ 4ಕೆ’ ಪ್ರತಿಗಳು ಇಂಟರ್ನೆಟ್ಟಿನಲ್ಲಿ ಲಕ್ಷಾಂತರ ಜನರನ್ನು ಸೆಳೆಯುತ್ತಿವೆ. ಅವುಗಳ ಬಗ್ಗೆ ನನಗೆ ತಕರಾರಿದೆ. ಮಸುಕಾದ ವಿಡಿಯೊದಲ್ಲಿ ಇಲ್ಲದ ವಿವರವನ್ನು ಆ ಸಾಫ್ಟ್‌ವೇರ್ ಊಹಿಸಿ ತುಂಬುತ್ತದೆ. ಮುಖದ ಸುಕ್ಕು ಮಾಯವಾಗುತ್ತದೆ, ಸೀರೆಯ ನೇಯ್ಗೆ ಬದಲಾಗುತ್ತದೆ, ಬೆಳ್ಳಿಯ ಕಣಗಳಿಂದಾದ ಚಿತ್ರದ ಸಹಜ ಮೈಯೇ ಅಳಿಸಿಹೋಗುತ್ತದೆ. ನೆಗೆಟಿವಿನಲ್ಲಿರುವುದನ್ನು ಹೊರತೆಗೆಯುವುದು ಒಂದು ಕೆಲಸ, ಇಲ್ಲದ್ದನ್ನು ಸೇರಿಸುವುದು ಇನ್ನೊಂದು. ಎರಡನ್ನೂ ‘ರೆಸ್ಟೊರೇಶನ್’ ಎಂದು ಕರೆಯುವುದು ಛಾಯಾಗ್ರಾಹಕನಿಗೆ ಮಾಡುವ ಅನ್ಯಾಯ.

ಮೂಲವೂ ಇಲ್ಲದ, ನಕಲೂ ಇಲ್ಲದ ಚಿತ್ರಗಳಿಗೆ ಮಾತ್ರ ಯಾವ ವಿಜ್ಞಾನವೂ ನೆರವಾಗದು. 1934ರ ಮಾರ್ಚ್ 3ರಂದು ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಇವತ್ತು ಇಲ್ಲ. ವೈ.ವಿ. ರಾವ್ ನಿರ್ದೇಶಿಸಿ, ಕೊಲ್ಹಾಪುರದಲ್ಲಿ ಚಿತ್ರೀಕರಿಸಿದ ಆ ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಹೇಗೆ ಮಾತಾಡಿದರೆಂದು ನಾವು ಕೇಳಲಾರೆವು. ಭಾರತದ ಮೊದಲ ವಾಕ್ಚಿತ್ರ, 1931ರ ‘ಆಲಂ ಆರಾ’ಕ್ಕೂ ಅದೇ ಗತಿ. ಕಪ್ಪು-ಬಿಳುಪು ರೀಲಿನಲ್ಲಿ ನಿಜವಾದ ಬೆಳ್ಳಿ ಇರುತ್ತದೆ. ಓಟ ಮುಗಿದ ಪ್ರಿಂಟುಗಳನ್ನು ತೊಳೆದು ಬೆಳ್ಳಿ ತೆಗೆದು ಮಾರುವುದು ಒಂದು ಕಾಲಕ್ಕೆ ನಡೆಯುತ್ತಿದ್ದ ವ್ಯಾಪಾರ. ನಮ್ಮ ಮೂಕಿಚಿತ್ರಗಳ ಸಂಖ್ಯೆ ಸಾವಿರ ದಾಟುತ್ತದೆ, ಪೂರ್ತಿ ಉಳಿದವು ಬೆರಳೆಣಿಕೆಯಷ್ಟು.

ಉಳಿದದ್ದರಲ್ಲಿ ದೊಡ್ಡ ಪಾಲು ಪಿ.ಕೆ. ನಾಯರ್ ಎಂಬ ಒಬ್ಬರ ಹುಡುಕಾಟದ ಫಲ. 1964ರಲ್ಲಿ ಆರಂಭವಾದ ಪುಣೆಯ ಸಂಗ್ರಹಾಲಯವನ್ನು ಮರುವರ್ಷ ಸೇರಿದ ಅವರು 1991ರವರೆಗೆ ಅದನ್ನು ಕಟ್ಟಿದರು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ ಉಳಿದ ರೀಲುಗಳು ನಮಗೆ ಸಿಕ್ಕಿದ್ದು ಅವರಿಂದ. ಕೂಡಿಟ್ಟದ್ದನ್ನು ಬೀಗ ಹಾಕಿಡುವ ಜಾಯಮಾನ ಅವರದಲ್ಲ. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ಚಿತ್ರಸಮಾಜ ಕಟ್ಟಿದಾಗ ಪುಣೆಯ ಡಬ್ಬಿಗಳು ಅಲ್ಲಿಗೂ ಬಂದವು. ಅಡಿಕೆ ತೋಟದ ನಡುವಿನ ಊರಿನವರು ‘ಪಥೇರ್ ಪಾಂಚಾಲಿ’ಯನ್ನೂ ಕುರೊಸಾವಾನ ‘ರಶೋಮನ್’ ಚಿತ್ರವನ್ನೂ ನೋಡಿ ಚರ್ಚಿಸಿದರು.

ಹಂಚಿದರೆ ಉಳಿಯುತ್ತದೆ ಎಂಬುದಕ್ಕೆ ಟೆಲಿವಿಷನ್ನಿನಲ್ಲಿ ಒಂದು ವಿಚಿತ್ರ ಪುರಾವೆ ಇದೆ. ಹಣ, ಜಾಗ ಉಳಿಸಲು ಬಿಬಿಸಿ 1960ರ ದಶಕದ ‘ಡಾಕ್ಟರ್ ಹೂ’ ಧಾರಾವಾಹಿಯ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತ್ತು. ಹೊರದೇಶಗಳಿಗೆ ಮಾರಿದ್ದ ಫಿಲ್ಮ್ ಪ್ರತಿಗಳಿಂದ ಕೆಲವು ಕಂತುಗಳು ಮರಳಿ ದಕ್ಕಿದವು. ಒಂಬತ್ತು ಕಂತು ಸಿಕ್ಕಿದ್ದು ನೈಜೀರಿಯಾದಲ್ಲಿ, 2013ರಲ್ಲಿ ಆ ಸುದ್ದಿ ಹೊರಬಂತು. ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಮೂಲ ಟೇಪುಗಳನ್ನೂ ನಾಸಾ ಬಹುಶಃ ಹೀಗೆಯೇ ಅಳಿಸಿ ಬಳಸಿಬಿಟ್ಟಿರಬೇಕೆಂದು 2009ರಲ್ಲಿ ತಿಳಿಯಿತು. ಟಿವಿ ಕೇಂದ್ರಗಳು ಪ್ರಸಾರ ಮಾಡಿದ್ದ ದೃಶ್ಯದ ಪ್ರತಿಗಳನ್ನು ಹುಡುಕಿ ಹೊಸದಾಗಿ ಸರಿಪಡಿಸಬೇಕಾಯಿತು.

ಮನೆಯ ಅಟ್ಟದಲ್ಲಿ ಹಳೆಯ ರೀಲಿನ ಡಬ್ಬಿ ಇರುವವರಿಗೆ ಎರಡು ಮಾತು. ಪ್ರೊಜೆಕ್ಟರಿಗೆ ಹಾಕಿ ನೋಡುವ ಆಸೆ ಬೇಡ, ಕುಗ್ಗಿದ ಪಟ್ಟಿ ಹರಿದುಹೋಗುತ್ತದೆ. 1951ಕ್ಕಿಂತ ಹಿಂದಿನದಾಗಿದ್ದರೆ ನೈಟ್ರೇಟ್ ಇರಬಹುದು, ಅದರ ಹತ್ತಿರ ಬೆಂಕಿ ಸುಳಿಯಬಾರದು. ವಿನೆಗರ್ ವಾಸನೆ ಬಂದದ್ದನ್ನು ಉಳಿದವುಗಳಿಂದ ದೂರವಿಡಿ. ತುಕ್ಕು ಹಿಡಿದ ತಗಡಿನ ಡಬ್ಬಿ ಬದಲಿಸಿ, ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಲಗಿಸಿಡಿ. ಅಟ್ಟ ಮನೆಯಲ್ಲೇ ಹೆಚ್ಚು ಕಾಯುವ ಜಾಗ, ಅಲ್ಲಿಂದ ಮೊದಲು ಇಳಿಸಿ. ಡಬ್ಬಿಯ ಮೇಲಿನ ಬರಹ ಎಷ್ಟೇ ಮಾಸಿದ್ದರೂ ಅಳಿಸದೆ ಫೋಟೊ ತೆಗೆದು ಪುಣೆಯ ಸಂಗ್ರಹಾಲಯಕ್ಕೆ ಬರೆಯಿರಿ.