ಬಣ್ಣದ ನೀರು, ಭತ್ತದ ಹೊಟ್ಟು

ಹೊಸ ಸೀರೆಯನ್ನು ಮೊದಲ ಸಲ ನೆನೆಹಾಕುವ ದಿನ ಮನೆಯಲ್ಲಿ ಒಂದು ಎಚ್ಚರಿಕೆ ಇದ್ದೇ ಇರುತ್ತದೆ. ಅದನ್ನು ಮಿಕ್ಕ ಬಟ್ಟೆಗಳ ಜೊತೆಗೆ ಸೇರಿಸುವುದಿಲ್ಲ. ಬೇರೆ ಬಕೆಟ್ಟಿನಲ್ಲಿ ಉಪ್ಪುನೀರಿಗೆ ಹಾಕುತ್ತಾರೆ. ಗಳಿಗೆ ಕಳೆಯುವುದರೊಳಗೆ ನೀರು ಕುಂಕುಮ ಕದಡಿದಂತಾಗುತ್ತದೆ. ಅಂಗಡಿಯವನನ್ನು ನಾಲ್ಕು ಮಾತು ಬಯ್ದು, ಆ ನೀರನ್ನು ಬಚ್ಚಲಿಗೆ ಚೆಲ್ಲಿ, ಸೀರೆಯನ್ನು ನೆರಳಿನಲ್ಲಿ ಹರವಿ ನಾವು ಅದನ್ನು ಮರೆಯುತ್ತೇವೆ. ಚೆಲ್ಲಿದ್ದು ಒಂದೇ ಬಕೆಟ್ಟು. ಆದರೆ ಆ ಸೀರೆ ಅಂಗಡಿಗೆ ಬರುವ ಮೊದಲು ಬಣ್ಣಗಾರನ ತೊಟ್ಟಿಯಲ್ಲಿ ಎಷ್ಟು ಬಕೆಟ್ಟು ನೀರನ್ನು ಕೆಂಪು ಮಾಡಿ ಬಂದಿತೆಂದು ನೀವು ಎಂದಾದರೂ ಯೋಚಿಸಿದ್ದೀರಾ?

ಹತ್ತಿ ಬಟ್ಟೆಗೆ ಬಣ್ಣ ಹಾಕಿ, ತೊಳೆದು ಮುಗಿಸುವುದರೊಳಗೆ ಕಿಲೋ ಬಟ್ಟೆಗೆ ಸುಮಾರು ನೂರು ಲೀಟರ್ ನೀರು ಬೇಕಾಗುತ್ತದೆ ಎಂಬುದು ರೂಢಿಯ ಲೆಕ್ಕ. 1956ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯವರು ಮಾರುಕಟ್ಟೆಗೆ ತಂದ ‘ರಿಯಾಕ್ಟಿವ್’ ಬಣ್ಣಗಳು ಹತ್ತಿಯ ಎಳೆಯೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುವಂಥವು. ಆದ್ದರಿಂದಲೇ ಅವು ಒಗೆದರೂ ಬಿಡುವುದಿಲ್ಲ. ಆದರೆ ತೊಟ್ಟಿಗೆ ಸುರಿದ ಬಣ್ಣದಲ್ಲಿ ಒಂದು ಪಾಲು ಎಳೆಯನ್ನು ಮುಟ್ಟುವ ಮೊದಲೇ ನೀರಿನೊಡನೆ ಕೂಡಿಕೊಂಡುಬಿಡುತ್ತದೆ. ಹಾಗೆ ಕೂಡಿದ್ದು ಮತ್ತೆ ಬಟ್ಟೆಗೆ ಹತ್ತದು. ಐದರಲ್ಲಿ ಒಂದು ಪಾಲು, ಕೆಲವು ಬಣ್ಣಗಳಲ್ಲಿ ಮೂರರಲ್ಲಿ ಒಂದು ಪಾಲು ಹೀಗೆ ಮೋರಿಯ ಪಾಲಾಗುವುದುಂಟು.

ಮೋರಿ ಎಲ್ಲಿಗೆ ಹೋಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ನಮ್ಮ ಮೈಸೂರು ಜಿಲ್ಲೆಯಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಈ ಪ್ರಶ್ನೆಯನ್ನು ಕೇಳಲು ತಕ್ಕ ಊರುಗಳು. ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಭಕ್ತರು ಮುಳುಗು ಹಾಕುವ ಕಪಿಲೆ ಅಲ್ಲಿಂದ ಮುಂದೆ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. 1989ರಿಂದ ಈಚೆಗೆ ಅಲ್ಲಿ ಮೂರು ವರ್ಷಕ್ಕೊಮ್ಮೆಯಂತೆ ಕುಂಭಮೇಳ ನಡೆಸುವ ವಾಡಿಕೆಯಾಗಿದೆ. 2025ರ ಫೆಬ್ರವರಿಯಲ್ಲಿಯೂ ನಡೆಯಿತು. ನಂಜನಗೂಡಿನ ಬಳಿ ಬಟ್ಟೆ, ಕಾಗದ, ಔಷಧ, ಆಹಾರ ಪದಾರ್ಥಗಳ ಕಾರ್ಖಾನೆಗಳ ದೊಡ್ಡ ಪ್ರದೇಶವೇ ಬೆಳೆದಿದೆ. ನರಸೀಪುರದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯುಂಟು; 1912ರಲ್ಲಿ ಆರಂಭವಾದ ಮೈಸೂರಿನ ನೇಯ್ಗೆ ಕಾರ್ಖಾನೆಯ ರೇಷ್ಮೆ ಸೀರೆಗಳಿಗೆ ಅಲ್ಲಿಂದ ನೂಲು ಬರುತ್ತದೆ. (ಗೂಡು ಬೇಯಿಸಿದ ನೀರಿಗೆ ಬಣ್ಣವಿಲ್ಲ, ವಾಸನೆ ಮಾತ್ರ ಧಾರಾಳ. ಅದು ಬೇರೆಯ ವಿಷಯ.) ಸಂಗಮದಿಂದ ಕೆಳಕ್ಕೆ ಹರಿದ ಕಾವೇರಿಯಿಂದಲೇ ಬೆಂಗಳೂರಿಗೆ ಕುಡಿಯುವ ನೀರನ್ನು ಎತ್ತುತ್ತಾರೆ. ಈ ಲೇಖನವನ್ನು ಬೆಂಗಳೂರಿನಲ್ಲಿ ಓದುತ್ತಿರುವವರು ‘ಅದು ಮೈಸೂರಿನವರ ಮಾತು’ ಎಂದು ಪುಟ ತಿರುವದಿರಲಿ.

ಬಣ್ಣವು ಬಹು ಕಡಿಮೆ ಪ್ರಮಾಣದಲ್ಲಿದ್ದರೂ ಕಣ್ಣಿಗೆ ಬೀಳುತ್ತದೆ. ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಬಿದ್ದರೂ ಸಾಕು, ನೀರು ಬಣ್ಣಗಟ್ಟಿದೆಯೆಂದು ಮಗುವೂ ಹೇಳೀತು. ಬಣ್ಣಗಟ್ಟಿದ ನೀರಿನೊಳಕ್ಕೆ ಬಿಸಿಲು ಇಳಿಯುವುದಿಲ್ಲ. ಬಿಸಿಲಿಲ್ಲದೆ ನೀರಿನ ಪಾಚಿ, ಸಸಿಗಳು ಬೆಳೆಯುವುದಿಲ್ಲ. ಅವುಗಳಿಂದ ಬರಬೇಕಾದ ಆಮ್ಲಜನಕ ಮೀನಿಗೆ ದೊರೆಯುವುದಿಲ್ಲ. ‘ಅಜೋ’ ಜಾತಿಯ ಕೆಲವು ಬಣ್ಣಗಳು ಗಾಳಿಯಾಡದ ಕೆಸರಿನಲ್ಲಿ ಒಡೆದಾಗ ಹುಟ್ಟುವ ಪದಾರ್ಥಗಳಲ್ಲಿ ಕ್ಯಾನ್ಸರ್ ತರುವಂಥವೂ ಇವೆ. ಕಾರ್ಖಾನೆಗಳು ಕೊಳೆನೀರನ್ನು ಸೂಕ್ಷ್ಮಜೀವಿಗಳ ತೊಟ್ಟಿಯಲ್ಲಿ ಕೊಳೆಯಿಸಿ ಶುದ್ಧಿ ಮಾಡುತ್ತವೆಯಷ್ಟೆ. ಗಂಜಿ, ಸೋಪು, ಜಿಡ್ಡು ಇವುಗಳನ್ನು ಆ ಜೀವಿಗಳು ಚೆನ್ನಾಗಿ ತಿನ್ನುತ್ತವೆ. ಬಣ್ಣವನ್ನು ಮಾತ್ರ ಮೂಸಿ ನೋಡಿ ಬಿಡುತ್ತವೆ! ಬಿಸಿಲು, ಸೋಪು, ಬೆವರು ಯಾವುದಕ್ಕೂ ಕುಗ್ಗಬಾರದೆಂದೇ ಮನುಷ್ಯನು ರಚಿಸಿದ ವಸ್ತು ಜೀವಾಣುವಿಗೆ ಸುಲಭವಾಗಿ ಬಗ್ಗೀತೆ?

ಇದ್ದಿಲಿಗೆ ಬಣ್ಣ ಹಿಡಿಯುವ ಗುಣವಿದೆಯೆಂಬುದು ಹಳೆಯ ಸಂಗತಿ. 1785ರಲ್ಲಿ ರಷ್ಯದಲ್ಲಿದ್ದ ಟೋಬಿಯಾಸ್ ಲೋವಿಟ್ಸ್ ಎಂಬ ರಸಾಯನಶಾಸ್ತ್ರಜ್ಞನು ಕಂದುಗಟ್ಟಿದ ದ್ರಾವಣಗಳನ್ನು ಇದ್ದಿಲ ಪುಡಿ ತಿಳಿಯಾಗಿಸುವುದನ್ನು ಕಂಡನು. ಇದು ಸ್ಪಂಜು ನೀರು ಹೀರುವಂಥ ಕ್ರಿಯೆಯಲ್ಲ. ಬಣ್ಣದ ಕಣಗಳು ಇದ್ದಿಲಿನ ಮೈಗೆ, ಅದರ ಸೂಕ್ಷ್ಮ ರಂಧ್ರಗಳ ಒಳಗೋಡೆಗೆ ಅಂಟಿಕೊಳ್ಳುತ್ತವೆ, ಅಷ್ಟೆ. ಶಾಸ್ತ್ರದಲ್ಲಿ ಇದಕ್ಕೆ ಅಧಿಶೋಷಣೆ ಎಂದು ಹೆಸರು. ಅಂಟಬೇಕಾದರೆ ಜಾಗ ಬೇಕು. ಪಟುಗೊಳಿಸಿದ ಇದ್ದಿಲಿನ ಒಂದು ಗ್ರಾಮಿನೊಳಗೆ ಐನೂರರಿಂದ ಸಾವಿರ ಚದರ ಮೀಟರಿನಷ್ಟು, ಅದಕ್ಕೂ ಮಿಗಿಲಾಗಿ, ಮೈ ಅಡಗಿದೆಯೆಂದರೆ ನೀವು ನಂಬಬೇಕು. ಮದ್ದು ಇದೆ, ಆದರೆ ಬೆಲೆ ಹೆಚ್ಚು. ಎರಡು ತೊಟ್ಟಿ ಇಟ್ಟುಕೊಂಡ ಬಣ್ಣಗಾರನಿಗೆ ಅದು ಎಟುಕುವ ಸರಕಲ್ಲ.

ಹೀಗಾಗಿ ಶಾಸ್ತ್ರಜ್ಞರ ದೃಷ್ಟಿ ತಿಪ್ಪೆಯತ್ತ ಹೊರಳಿತು. ನಾವು ಎಸೆಯುವ ಸೊಪ್ಪು, ಸಿಪ್ಪೆ, ಹೊಟ್ಟುಗಳಲ್ಲಿ ಸೆಲ್ಯುಲೋಸ್, ಲಿಗ್ನಿನ್ ಎಂಬ ನಾರಿನಂಶಗಳಿವೆ. ಬಣ್ಣಕ್ಕೆ ಇವೂ ಜಾಗ ಕೊಡಬಲ್ಲವು. ನಮ್ಮ ಎರಡು ತಾಲ್ಲೂಕುಗಳಲ್ಲಿ ಇಂಥ ಸರಕಿಗೆ ಬರವೆ? ನರಸೀಪುರ ನಾಲೆಯ ನೀರಿನ ಭತ್ತದ ಸೀಮೆ. ನೂರು ಕಿಲೋ ಭತ್ತ ಗಿರಣಿಗೆ ಹೋದರೆ ಇಪ್ಪತ್ತು ಕಿಲೋದಷ್ಟು ಹೊಟ್ಟು ಹೊರಬೀಳುತ್ತದೆ. ನಂಜನಗೂಡು ರಸಬಾಳೆಯ ಊರು. ರೋಗ ಬಡಿದು ರಸಬಾಳೆಯ ತೋಟಗಳು ಕುಗ್ಗಿದ್ದರೂ ಬೇರೆ ಬಾಳೆಗೆ ಕೊರತೆಯಿಲ್ಲ. ಗೊನೆ ಕಡಿದ ಮೇಲೆ ಬಾಳೆಯ ಮರಕ್ಕೆ ಬೇರೆ ಬಾಳಿಲ್ಲ. ಎಳೆಯ ದಿಂಡು ಪಲ್ಯಕ್ಕೆ, ಕೋಸಂಬರಿಗೆ ಹೋದರೆ ಉಳಿದುದು ಬದುವಿನ ಮೇಲೆ ಕೊಳೆಯುತ್ತದೆ. ಕಬ್ಬಿನ ಸಿಪ್ಪೆ, ತೆಂಗಿನ ನಾರಿನ ಪುಡಿ, ನಿಮ್ಮ ಮನೆಯ ಫಿಲ್ಟರಿನಲ್ಲಿ ಪ್ರತಿ ಬೆಳಿಗ್ಗೆ ಉಳಿಯುವ ಕಾಫಿ ಚರಟ, ಇವೆಲ್ಲವನ್ನೂ ಪ್ರಯೋಗಶಾಲೆಗಳಲ್ಲಿ ಪರೀಕ್ಷೆ ಮಾಡಿದ್ದಾರೆ. ಔಷಧದ ಸತ್ವ ತೆಗೆದುಕೊಂಡು ಬಿಟ್ಟ ಮೆಂತ್ಯದ ಚರಟದ ಮೇಲೂ ಮೈಸೂರಿನ ರಸಾಯನಶಾಸ್ತ್ರಜ್ಞರು ಇಂಥ ಪ್ರಯೋಗಗಳನ್ನು ನಡೆಸಿದ್ದಾರೆ.

ಮಾತಿಗಿಂತ ನೀವೇ ಮಾಡಿ ನೋಡುವುದು ಮೇಲು. ಸಾಮಿಲ್ಲಿನಿಂದ ಒಂದು ಹಿಡಿ ಮರದ ಹೊಟ್ಟನ್ನೋ ಗಿರಣಿಯಿಂದ ಭತ್ತದ ಹೊಟ್ಟನ್ನೋ ತನ್ನಿ. ಭತ್ತದ ಹೊಟ್ಟಾದರೆ ಕುಟ್ಟಿ ಪುಡಿ ಮಾಡಿ. ಎರಡು ಮೂರು ಸಲ ನೀರು ಬದಲಾಯಿಸಿ ಕುದಿಸಿ, ಬಸಿದು, ಒಣಗಿಸಿಕೊಳ್ಳಿ. ಹೊಟ್ಟಿಗೂ ತನ್ನದೇ ಕಂದು ಬಣ್ಣವುಂಟು, ಅದು ಮೊದಲು ಹೋಗಬೇಕು. ಅಡಿಗೆಗೆ ಬಾರದ ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಒಂದಕ್ಕೆ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ನೇರಳೆ ಔಷಧ, ಜೆನ್ಷಿಯನ್ ವಯೊಲೆಟ್, ಒಂದು ತೊಟ್ಟು ಬಿಡಿ. ಇನ್ನೊಂದಕ್ಕೆ ಕೇಸರಿಬಾತಿಗೆ ಹಾಕುವ ಅಂಗಡಿಯ ಬಣ್ಣವನ್ನು ಒಂದು ಚಿಟಿಕೆಗಿಂತ ಕಡಿಮೆ ಹಾಕಿ. ಎರಡಕ್ಕೂ ಒಂದೊಂದು ಚಮಚ ಹೊಟ್ಟು ಹಾಕಿ, ಆಗಾಗ ಕಲಕಿ, ರಾತ್ರಿಯೆಲ್ಲ ಇಡಿ. ಬೆಳಿಗ್ಗೆ ನೋಡಿದರೆ ಮೊದಲ ಲೋಟದ ನೇರಳೆ ಬಹುಮಟ್ಟಿಗೆ ಹೊಟ್ಟಿಗೆ ಹತ್ತಿ ನೀರು ತಿಳಿಯಾಗಿರುತ್ತದೆ. ಎರಡನೆಯ ಲೋಟದ ಕೇಸರಿ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.

ಈ ಎರಡನೆಯ ಲೋಟದಲ್ಲಿಯೇ ಕಷ್ಟವೆಲ್ಲ ಇರುವುದು. ನೀರಿನಲ್ಲಿ ನೆನೆದ ಹೊಟ್ಟಿನ ಮೈ ಋಣ ವಿದ್ಯುದಂಶವನ್ನು ತಳೆಯುತ್ತದೆ. ನೇರಳೆ ಔಷಧದ ಬಣ್ಣದ ಕಣ ಧನ ವಿದ್ಯುದಂಶದ್ದು. ಒಂದನ್ನೊಂದು ಸೆಳೆದು ಅಂಟಿಕೊಳ್ಳುತ್ತವೆ. ಕೇಸರಿ ಬಣ್ಣದ ಕಣವೂ ಹೊಟ್ಟಿನಂತೆ ಋಣದ್ದೇ. ಆದ್ದರಿಂದ ಎರಡೂ ದೂರ ಸರಿಯುತ್ತವೆ. ರೇಷ್ಮೆಗೆ ಹಾಕುವ ಆಸಿಡ್ ಬಣ್ಣಗಳು, ಹತ್ತಿಗೆ ಹಾಕುವ ಡೈರೆಕ್ಟ್ ಮತ್ತು ರಿಯಾಕ್ಟಿವ್ ಬಣ್ಣಗಳು ಈ ಕೇಸರಿಯ ಪಂಗಡಕ್ಕೆ ಸೇರಿದವು. ‘ಹೊಟ್ಟು ಬಣ್ಣವನ್ನೆಲ್ಲ ತಿಂದುಬಿಡುತ್ತದೆ’ ಎಂದು ಸಭೆಯಲ್ಲಿ ನೇರಳೆಯ ಲೋಟವನ್ನಷ್ಟೇ ತೋರಿಸಿ ಚಪ್ಪಾಳೆ ಗಿಟ್ಟಿಸುವವರನ್ನು ಕಂಡರೆ, ಎರಡನೆಯ ಲೋಟವನ್ನು ಕೇಳಿ.

ದಾರಿ ಇಲ್ಲದಿಲ್ಲ. ನೀರಿಗೆ ಆಮ್ಲ ಬೆರೆಸಿ ಹುಳಿಯಾಗಿಸಿದರೆ ಹೊಟ್ಟಿನ ಮೈಯ ಋಣಗುಣ ಕುಗ್ಗಿ ಇಂಥ ಬಣ್ಣವೂ ಹತ್ತುತ್ತದೆ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾನಿಲಯದ ಸಿ. ನಮಶಿವಾಯಂ ಮತ್ತು ಅವರ ಸಂಗಡಿಗರು ಬಾಳೆದಿಂಡಿನ ಪುಡಿಯನ್ನು ಹೀಗೆ ಪರೀಕ್ಷಿಸಿ 1990ರ ದಶಕದಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಒಂದು ಗ್ರಾಂ ಒಣ ದಿಂಡು ‘ಡೈರೆಕ್ಟ್ ರೆಡ್’ ಬಣ್ಣವನ್ನು ಹಿಡಿದದ್ದು ಸುಮಾರು ಆರು ಮಿಲಿಗ್ರಾಂ. ಈಗ ಒಂದು ಲೆಕ್ಕ ಮಾಡೋಣ. ದಿನಕ್ಕೆ ಒಂದು ಲಕ್ಷ ಲೀಟರ್ ಬಣ್ಣದ ನೀರು ಬಿಡುವ ಒಂದು ಕಾರ್ಖಾನೆ, ಲೀಟರಿಗೆ ನೂರು ಮಿಲಿಗ್ರಾಂ ಬಣ್ಣ ಎಂದಿಟ್ಟುಕೊಳ್ಳಿ. ನೀರಿನಲ್ಲಿರುವ ಬಣ್ಣ ಹತ್ತು ಕಿಲೋ. ಅದನ್ನು ಹಿಡಿಯಲು ಬೇಕಾದ ಒಣ ದಿಂಡು ಸಾವಿರದ ಆರುನೂರು ಕಿಲೋಗೂ ಮೇಲು. ಹಸಿಯ ದಿಂಡಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ದಿನವೂ ಹದಿನಾರು ಟನ್ನಿಗೂ ಮಿಗಿಲಾಗಿ ದಿಂಡು ತಂದು, ಸಿಗಿದು, ಒಣಗಿಸಬೇಕು! ನಂಜನಗೂಡಿನ ಬಾಳೆ ಎಷ್ಟೇ ಹೆಸರುವಾಸಿಯಾದರೂ ಈ ಹೊರೆಯನ್ನು ಹೊರಲಾರದು. ದೊಡ್ಡ ಗಿರಣಿಗೆ ಇದು ಮದ್ದಲ್ಲ. ದಿನಕ್ಕೆ ನಾಲ್ಕಾರು ಡ್ರಮ್ಮು ನೀರು ಚೆಲ್ಲುವ ಸಣ್ಣ ಬಣ್ಣಗಾರನಿಗೆ ಒದಗೀತು ಎಂಬುದು ನನ್ನ ಅಭಿಪ್ರಾಯ.

ಅವನಿಗೂ ಹಸಿ ಹೊಟ್ಟಿಗಿಂತ ಕರಿದಾದ ಹೊಟ್ಟು ಮೇಲು. ಹಿಂದೆ ನಮ್ಮ ಅಜ್ಜಿಯರು ಉಮಿ ಸುಟ್ಟ ಕರಿಯಲ್ಲಿ ಹಲ್ಲುಜ್ಜುತ್ತಿದ್ದುದು ನಿಮಗೆ ನೆನಪಿರಬಹುದು. ಗಾಳಿ ಕಡಿಮೆ ಬಿಟ್ಟು ಸುಟ್ಟಾಗ ಉಳಿಯುವ ಆ ಕಪ್ಪು ಪುಡಿಯಲ್ಲಿ ಇದ್ದಿಲಿನ ಅಂಶವಿದೆ. ಗಿರಣಿಯ ಬಾಯ್ಲರಿನಲ್ಲಿ ಪೂರ್ತಿ ಉರಿದು ಬೆಳ್ಳಗಾದ ಬೂದಿಯಲ್ಲಿ ಉಳಿದಿರುವುದು ಮುಖ್ಯವಾಗಿ ಮರಳಿನ ಜಾತಿಯ ಸಿಲಿಕ. ಅದಕ್ಕೆ ಆ ಶಕ್ತಿ ಇಲ್ಲ. ಬೂದಿ ತರಲು ಹೋದವರು ಕಪ್ಪನ್ನು ಆರಿಸಬೇಕು.

ಇಷ್ಟಾದ ಮೇಲೆ ನೀರು ತಿಳಿಯಾಯಿತು. ನಮ್ಮ ದೇಶದಲ್ಲಿ ಜವಳಿ ಕಾರ್ಖಾನೆಗಳ ನೀರಿನ ಬಣ್ಣಕ್ಕೆ 2016ರಲ್ಲಿ ಒಂದು ಮಿತಿಯನ್ನು ಗೊತ್ತುಮಾಡಿದ್ದಾರೆ. ಆ ಮಿತಿಯೊಳಗೂ ಬಂತು ಎನ್ನೋಣ. ನೀರು ಶುದ್ಧವಾಯಿತೆ? ಇಲ್ಲ. ಹತ್ತಿಗೆ ಬಣ್ಣ ಹತ್ತಿಸಲು ತೊಟ್ಟಿಗೆ ಲೀಟರಿಗೆ ಐವತ್ತು ಗ್ರಾಮಿನ ಆಸುಪಾಸಿನಲ್ಲಿ ಉಪ್ಪು ಸುರಿಯುತ್ತಾರೆ. ಹೊಟ್ಟಾಗಲಿ ಇದ್ದಿಲಾಗಲಿ ಉಪ್ಪನ್ನು ಹಿಡಿಯುವುದಿಲ್ಲ. ಬಣ್ಣ ಹೋದ ಮೇಲೆ ಉಪ್ಪು ಕಣ್ಣಿಗೆ ಕಾಣುವುದೂ ಇಲ್ಲ. ಇದರ ಫಲ ಏನೆಂಬುದನ್ನು ತಮಿಳುನಾಡಿನ ತಿರುಪ್ಪೂರಿನ ರೈತರು ಬಲ್ಲರು. ಅಲ್ಲಿನ ಬಣ್ಣದ ನೀರು ನೊಯ್ಯಲ್ ಹೊಳೆಗೆ ಹರಿದು, ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟಿನಲ್ಲಿ ನಿಂತು, ಗದ್ದೆ ಬಾವಿಗಳನ್ನು ಉಪ್ಪುಗಟ್ಟಿಸಿತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಲು ಆಜ್ಞೆ ಮಾಡಿತು. ಆ ನೊಯ್ಯಲ್ ಹೊಳೆಯೂ ಮುಂದೆ ಕಾವೇರಿಯನ್ನೇ ಸೇರುತ್ತದೆ. ಉಪ್ಪನ್ನು ಬೇರ್ಪಡಿಸಲು ಸೂಕ್ಷ್ಮ ಪೊರೆಗಳ ಮೂಲಕ ನೀರನ್ನು ಒತ್ತಿ ಸೋಸುವ, ಉಳಿದುದನ್ನು ಕಾಯಿಸಿ ಬತ್ತಿಸುವ ಯಂತ್ರಗಳೇ ಬೇಕು. ಹೊಟ್ಟು ಅಂಥ ಯಂತ್ರದ ಮುಂದೆ ನಿಂತು ಅದರ ಪೊರೆಗೆ ಬರುವ ಬಣ್ಣವನ್ನು ತಗ್ಗಿಸಬಲ್ಲದು. ಅದರ ಜಾಗದಲ್ಲಿ ನಿಲ್ಲಲಾರದು.

ಇನ್ನು ಬಣ್ಣ ಹಿಡಿದ ಹೊಟ್ಟಿನ ಗತಿ ಏನು? ಬಣ್ಣ ಎಲ್ಲಿಗೂ ಹೋಗಿಲ್ಲ, ನೀರಿನಿಂದ ಹೊಟ್ಟಿಗೆ ಮನೆ ಬದಲಾಯಿಸಿದೆ. ಒಣಗಿಸಿ, ಸರಿಯಾದ ಹೊಗೆ ವ್ಯವಸ್ಥೆಯುಳ್ಳ ಕುಲುಮೆಯಲ್ಲಿ ಸುಡಬಹುದು. ಕೆಲವು ಬಣ್ಣಗಳಲ್ಲಿ ತಾಮ್ರ, ಕ್ರೋಮಿಯಂ ಮುಂತಾದ ಲೋಹಗಳಿರುವುದರಿಂದ ಆ ಬೂದಿಯನ್ನು ಗದ್ದೆಗೆ ಎರಚುವ ಹಾಗಿಲ್ಲ. ಹೊಳೆಯ ದಂಡೆಯಲ್ಲಿ ರಾಶಿ ಹಾಕಿದರಂತೂ ಮಾಡಿದ ಕೆಲಸವೆಲ್ಲ ವ್ಯರ್ಥ. ಏಕೆಂದು ತಿಳಿಯಬೇಕಾದರೆ ನಿಮ್ಮ ಮೊದಲ ಲೋಟದ ಹೊಟ್ಟನ್ನು ಎಸೆಯದೆ ಇಟ್ಟುಕೊಳ್ಳಿ. ತಿಳಿನೀರನ್ನು ಬಸಿದು, ಬೇರೆ ನೀರು ಹಾಕಿ, ಅರ್ಧ ನಿಂಬೆಯ ಹಣ್ಣನ್ನು ಹಿಂಡಿ, ಇನ್ನೊಂದು ರಾತ್ರಿ ಹಾಗೆಯೇ ಬಿಡಿ. ಬೆಳಗಾಗುವ ಹೊತ್ತಿಗೆ ಆ ನೀರಿನಲ್ಲಿ ತೆಳುವಾಗಿ ನೇರಳೆ ಮತ್ತೆ ಕಾಣಿಸಿಕೊಂಡಿರುತ್ತದೆ.