ಕೋರಮಂಗಲದ ಹನ್ನೊಂದು ಪರದೆಗಳು ಮತ್ತು ಇನ್ನೂರು ರೂಪಾಯಿಯ ಲೆಕ್ಕ

ಬೆಂಗಳೂರು: ಕೋರಮಂಗಲದ ಹಳೆಯ ನಿವಾಸಿಗಳಿಗೆ ಒಂದು ಕಾಲದಲ್ಲಿ ಸಿನಿಮಾ ಎಂದರೆ ಮೆಜೆಸ್ಟಿಕ್ ಯಾತ್ರೆ. ಭಾನುವಾರ ಊಟ ಮುಗಿಸಿ, ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಹತ್ತಿ, ಕೆಂಪೇಗೌಡ ರಸ್ತೆಯಲ್ಲಿ ಇಳಿದು, ಸಾಗರ್ ಅಥವಾ ಸಂತೋಷ್ ಚಿತ್ರಮಂದಿರದ ಮುಂದೆ ಸರತಿಯಲ್ಲಿ ನಿಲ್ಲಬೇಕು. ಹೌಸ್‌ಫುಲ್ ಬೋರ್ಡ್ ಬಿದ್ದರೆ ಬ್ಲಾಕ್ ಟಿಕೆಟ್‌ನವನ ಮುಖ ನೋಡಬೇಕು. 2004ರಲ್ಲಿ ಹೊಸೂರು ರಸ್ತೆಯ ಬದಿಯಲ್ಲಿ ಫೋರಂ ಮಾಲ್ ಬಾಗಿಲು ತೆರೆದು, ಅದರ ಮೇಲಂತಸ್ತಿನಲ್ಲಿ ಪಿವಿಆರ್‌ನ ಹನ್ನೊಂದು ಪರದೆಗಳು ಬೆಳಗಿದಾಗ ಈ ಯಾತ್ರೆಯ ಅಗತ್ಯ ತಪ್ಪಿತು. ಆದರೆ ಟಿಕೆಟ್ ದರ, ಕನ್ನಡ ಚಿತ್ರಕ್ಕೆ ಸಿಗುವ ಪ್ರದರ್ಶನದ ವೇಳೆ, ನಿರ್ಮಾಪಕನಿಗೆ ದಕ್ಕುವ ಪಾಲು ಇವುಗಳ ಸುತ್ತ ಅಂದು ಶುರುವಾದ ಜಗಳ 2025ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ಆ ಜಗಳ ಅರ್ಥವಾಗಬೇಕಾದರೆ ಮೊದಲು ಬಡಾವಣೆಯನ್ನು ಅರಿಯಬೇಕು. ಕೋರಮಂಗಲ ನಗರದ ಆಗ್ನೇಯ ಅಂಚಿನಲ್ಲಿ ಬ್ಲಾಕ್ ಬ್ಲಾಕ್ ಆಗಿ ಬೆಳೆದ ಪ್ರದೇಶ. 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಕರ್ನಾಟಕದಲ್ಲಿ ನಡೆದಾಗ ಕ್ರೀಡಾಪಟುಗಳ ವಾಸಕ್ಕೆಂದು ಇಲ್ಲಿಯೇ ನ್ಯಾಷನಲ್ ಗೇಮ್ಸ್ ವಿಲೇಜ್ ಎಂಬ ಬೃಹತ್ ವಸತಿ ಸಮುಚ್ಚಯ ಎದ್ದು ನಿಂತಿತು. ಕೂಟ ಮುಗಿದ ಮೇಲೆ ಅದು ಸಾಮಾನ್ಯ ಕುಟುಂಬಗಳ ಮನೆಯಾಯಿತು. ಅದಕ್ಕೂ ಮುನ್ನ ಆ ಜಾಗ ಕೋರಮಂಗಲ ಕೆರೆಯಾಗಿತ್ತು ಎಂಬುದನ್ನು ನಗರದ ಕೆರೆಗಳ ಬಗ್ಗೆ ಬರೆಯುವವರು ಇಂದಿಗೂ ಎತ್ತಿ ಹೇಳುತ್ತಾರೆ. ಕೆರೆ ಹೋಗಿ ಮನೆ ಬಂತು, ಮನೆಯ ಹಿಂದೆ ಸಾಫ್ಟ್‌ವೇರ್ ನೌಕರಿ ಬಂತು, ಸಂಬಳದ ಹಿಂದೆ ಮಾಲ್ ಬಂತು.

ದೇಶದ ಮಟ್ಟಿಗೆ ಈ ಮಾದರಿ ಹೊಸತಾಗಿರಲಿಲ್ಲ. ದೆಹಲಿಯ ದಕ್ಷಿಣಕ್ಕಿರುವ ಸಾಕೇತ್ ಬಡಾವಣೆಯಲ್ಲಿ ಅನುಪಮ್ ಎಂಬ ಹಳೆಯ ಚಿತ್ರಮಂದಿರವನ್ನು ಒಳಗಿಂದ ಒಡೆದು 1997ರಲ್ಲಿ ನಾಲ್ಕು ಪರದೆಗಳನ್ನಾಗಿ ಮಾಡಲಾಯಿತು. ಭಾರತದ ಮೊದಲ ಮಲ್ಟಿಪ್ಲೆಕ್ಸ್ ಎಂದು ಗುರುತಿಸಲಾಗುವುದು ಅದನ್ನೇ. ದೆಹಲಿಯ ಪ್ರಿಯಾ ಚಿತ್ರಮಂದಿರ ಮತ್ತು ಆಸ್ಟ್ರೇಲಿಯಾದ ವಿಲೇಜ್ ರೋಡ್‌ಶೋ ಕೂಡಿದ್ದರಿಂದ ಪಿವಿಆರ್ ಎಂಬ ಹೆಸರು ಹುಟ್ಟಿತು. ಪಾಲುದಾರ ಆಸ್ಟ್ರೇಲಿಯಾದವರು ಮುಂದೆ ಹೊರನಡೆದರೂ ಅಕ್ಷರಗಳು ಉಳಿದವು.

ಒಂದೇ ಸೂರಿನಡಿ ಹನ್ನೊಂದು

ಸಾವಿರ ಆಸನಗಳ ಒಂದೇ ಚಿತ್ರಮಂದಿರಕ್ಕೂ ಹನ್ನೊಂದು ಸಣ್ಣ ಸಭಾಂಗಣಗಳಿಗೂ ಇರುವ ವ್ಯತ್ಯಾಸ ಬರೀ ಹವಾನಿಯಂತ್ರಣ ಮತ್ತು ಮೆತ್ತನೆ ಕುರ್ಚಿಯದಲ್ಲ. ಏಕಪರದೆ ಚಿತ್ರಮಂದಿರ ಒಂದು ವಾರಕ್ಕೆ ಒಂದು ಚಿತ್ರದ ಮೇಲೆ ಪಣ ಕಟ್ಟುತ್ತದೆ. ಚಿತ್ರ ಸೋತರೆ ನಾಲ್ಕು ಆಟವೂ ಖಾಲಿ. ಮಲ್ಟಿಪ್ಲೆಕ್ಸ್‌ನಲ್ಲಿ ಆಟಗಳ ಆರಂಭದ ವೇಳೆಯನ್ನು ಹಿಂದೆ ಮುಂದೆ ಮಾಡಿ ಜೋಡಿಸುತ್ತಾರೆ. ಒಂದೇ ಮೊಗಸಾಲೆ, ಒಂದೇ ತಿಂಡಿ ಮಳಿಗೆ, ಒಂದಿಷ್ಟೇ ಸಿಬ್ಬಂದಿ ಸಾಕಾಗುವುದು ಇದರಿಂದಲೇ. ಶುಕ್ರವಾರ ದೊಡ್ಡ ಪರದೆಯಲ್ಲಿ ತೆರೆಕಂಡ ಚಿತ್ರಕ್ಕೆ ಜನ ಇಳಿದರೆ ಮುಂದಿನ ವಾರ ಅದು ಸಣ್ಣ ಪರದೆಗೆ ಜಾರುತ್ತದೆ, ಆಮೇಲೆ ದಿನಕ್ಕೆ ಒಂದೋ ಎರಡೋ ಆಟಕ್ಕೆ ಇಳಿಯುತ್ತದೆ. ಮುನ್ನೂರು ಮಂದಿಯ ಬದಲು ಎಂಬತ್ತು ಮಂದಿ ಬಂದರೂ ಸಣ್ಣ ಪರದೆ ತುಂಬಿದಂತೆ ಕಾಣುತ್ತದೆ.

ಬಡಾವಣೆಯ ಪ್ರೇಕ್ಷಕನಿಗೆ ಇದು ಅನುಕೂಲವೇ. ರಾತ್ರಿ ಒಂಬತ್ತಕ್ಕೆ ಕಚೇರಿಯಿಂದ ಬಂದವನೂ ಹತ್ತರ ಆಟಕ್ಕೆ ಹೋಗಬಹುದು. ಆದರೆ ಯಾವ ಭಾಷೆಯ ಚಿತ್ರಕ್ಕೆ ಸಂಜೆಯ ಆಟ, ಯಾವುದಕ್ಕೆ ಬೆಳಗಿನ ಒಂಬತ್ತೂವರೆಯ ಆಟ ಎಂಬ ನಿರ್ಧಾರ ಚಿತ್ರಮಂದಿರದ ಕೈಯಲ್ಲಿದೆ. ಗಾಂಧಿನಗರದ ಸಿಟ್ಟಿನ ಮೂಲ ಇದು. ಫೋರಂ ತೆರೆದ 2004ರಲ್ಲೇ ಪರಭಾಷಾ ಚಿತ್ರಗಳನ್ನು ಏಳು ವಾರ ತಡೆದು ಬಿಡುಗಡೆ ಮಾಡಬೇಕೆಂದು ಕನ್ನಡ ಚಿತ್ರೋದ್ಯಮ ಪಟ್ಟು ಹಿಡಿದಿತ್ತು ಎಂಬುದನ್ನು ನೆನೆದರೆ ಆ ಹೊತ್ತಿನ ಬಿಸಿ ತಿಳಿಯುತ್ತದೆ.

ಮಳೆ ಸುರಿದ ವರ್ಷ

ಕೋರಮಂಗಲದಂಥ ಬಡಾವಣೆಯಲ್ಲಿ ಕನ್ನಡ ಚಿತ್ರ ಯಾರು ನೋಡುತ್ತಾರೆ ಎಂಬ ಮಾತಿಗೆ ಉತ್ತರ 2006ರ ಡಿಸೆಂಬರ್ 29ರಂದು ಬಂತು. ಯೋಗರಾಜ್ ಭಟ್ ನಿರ್ದೇಶನದ ‘ಮುಂಗಾರು ಮಳೆ’ ಅಂದು ತೆರೆಕಂಡಿತು. ಗಣೇಶ್ ಆಗಿನ್ನೂ ದೊಡ್ಡ ತಾರೆಯಲ್ಲ. ಆದರೂ ಬೆಂಗಳೂರಿನ ಪಿವಿಆರ್‌ನಲ್ಲಿ ಅದು ಒಂದು ವರ್ಷವನ್ನೂ ದಾಟಿ ಓಡಿತು. ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷ ಪೂರೈಸಿದ ದೇಶದ ಮೊದಲ ಚಿತ್ರ, ಅದೂ ಯಾವುದೇ ಭಾಷೆಯದು, ಎಂಬ ಕೀರ್ತಿ ಅದರದಾಯಿತು. ಕನ್ನಡಿಗರು ಕೋರಮಂಗಲದಲ್ಲಿ ಮೊದಲೂ ಇದ್ದರು. ಅವರಿಗೆ ಅನುಕೂಲದ ವೇಳೆಗೆ ಒಂದು ಆಟ ಬೇಕಿತ್ತು, ನೋಡುವಂಥ ಒಂದು ಚಿತ್ರವೂ ಬೇಕಿತ್ತು ಅಷ್ಟೇ. ಏಕಪರದೆಯಲ್ಲಾಗಿದ್ದರೆ ಮುಂದಿನ ದೊಡ್ಡ ತಾರೆಯ ಚಿತ್ರಕ್ಕೆ ಎಂದೋ ಜಾಗ ಬಿಡಬೇಕಾಗುತ್ತಿತ್ತು. ಪರದೆಗಳು ಹಲವು ಇದ್ದುದರಿಂದ ಅದು ಉಳಿಯಿತು.

ಅಂಥ ಅದೃಷ್ಟ ಎಲ್ಲ ಚಿತ್ರಗಳಿಗೂ ಇರಲಿಲ್ಲ. ಹೊಸಬರ ಚಿತ್ರಗಳು ಶುಕ್ರವಾರ ಬಂದು ಸೋಮವಾರಕ್ಕೆ ಒಂದೇ ಆಟಕ್ಕೆ ಇಳಿಯುವುದು ಸಾಮಾನ್ಯವಾಯಿತು. ಬಾಯಿಮಾತಿನ ಪ್ರಚಾರದಿಂದ ಎರಡನೇ ವಾರ ಮೇಲೇಳಬೇಕಾದ ಚಿತ್ರಕ್ಕೆ ಎರಡನೇ ವಾರವೇ ಸಿಗುವುದಿಲ್ಲ ಎಂಬುದು ನಿರ್ಮಾಪಕರ ದೂರು.

ಬಾಡಿಗೆಯೋ, ಪಾಲೋ?

ಇದರ ಹಿಂದೆ ಹಣದ ಎರಡು ಬೇರೆ ಪದ್ಧತಿಗಳಿವೆ. ಗಾಂಧಿನಗರದ ಮುಖ್ಯ ಚಿತ್ರಮಂದಿರಗಳಲ್ಲಿ ನಡೆದುಬಂದದ್ದು ಬಾಡಿಗೆ ಪದ್ಧತಿ. ನಿರ್ಮಾಪಕ ಅಥವಾ ವಿತರಕ ವಾರಕ್ಕೆ ಇಷ್ಟು ಎಂದು ಬಾಡಿಗೆ ಕಟ್ಟುತ್ತಾನೆ, ಗಳಿಕೆ ಅವನದು, ನಷ್ಟವೂ ಅವನದು. ಆಸನ ಖಾಲಿಯಿದ್ದರೂ ಮಾಲೀಕನಿಗೆ ಚಿಂತೆಯಿಲ್ಲ. ಮಲ್ಟಿಪ್ಲೆಕ್ಸ್‌ನಲ್ಲಿ ಬಾಡಿಗೆಯಿಲ್ಲ, ಗಳಿಕೆಯಲ್ಲಿ ಪಾಲು. ಆದ್ದರಿಂದ ಖಾಲಿ ಆಸನ ಮಾಲೀಕನನ್ನೂ ಕಚ್ಚುತ್ತದೆ. ಜನ ಬಾರದ ಚಿತ್ರವನ್ನು ಅವನು ಬೇಗ ಕೈಬಿಡುವುದು ಇದೇ ಕಾರಣಕ್ಕೆ.

ಪಾಲು ಎಷ್ಟು? 2009ರ ಏಪ್ರಿಲ್‌ನಿಂದ ಜೂನ್‌ವರೆಗೆ ಹಿಂದಿ ನಿರ್ಮಾಪಕರು ಮಲ್ಟಿಪ್ಲೆಕ್ಸ್‌ಗಳಿಗೆ ಹೊಸ ಚಿತ್ರಗಳನ್ನೇ ಕೊಡದೆ ಮುಷ್ಕರ ಹೂಡಿದ್ದರು. ಕೊನೆಗೆ ಆದ ಒಪ್ಪಂದದಂತೆ ವಿತರಕರಿಗೆ ಮೊದಲ ವಾರ ಶೇ 50, ಎರಡನೇ ವಾರ ಶೇ 42.5, ಮೂರನೇ ವಾರ ಶೇ 37.5, ನಂತರ ಶೇ 30. ಇದು ಹಿಂದಿ ಚಿತ್ರಗಳ ಸೂತ್ರ. ಲೆಕ್ಕದ ರೀತಿ ತಿಳಿಯಲು ಇಷ್ಟು ಸಾಕು.

ತೆರಿಗೆ ಸೇರಿ 300 ರೂಪಾಯಿಯ ಒಂದು ಟಿಕೆಟ್ ಎನ್ನೋಣ. ನೂರು ರೂಪಾಯಿಗಿಂತ ಹೆಚ್ಚಿನ ಟಿಕೆಟ್ ಮೇಲೆ ಜಿಎಸ್‌ಟಿ 2019ರ ಜನವರಿಯಿಂದ ಶೇ 18 (2017ರಲ್ಲಿ ಜಾರಿಯಾದಾಗ ಶೇ 28 ಇತ್ತು). ಅಂದರೆ ಸುಮಾರು 46 ರೂಪಾಯಿ ತೆರಿಗೆಗೆ ಹೋಗಿ ಉಳಿಯುವುದು 254. ಮೊದಲ ವಾರದಲ್ಲಿ ಇದರಲ್ಲಿ 127 ವಿತರಕನಿಗೆ, ನಾಲ್ಕನೇ ವಾರದ ಹೊತ್ತಿಗೆ ಕೇವಲ 76. ಉಳಿದದ್ದು ಚಿತ್ರಮಂದಿರಕ್ಕೆ. ಅದರಲ್ಲಿಯೇ ಮಾಲ್‌ನ ಬಾಡಿಗೆ, ವಿದ್ಯುತ್, ಸಂಬಳ ಎಲ್ಲ ಆಗಬೇಕು. ಪಾಪ್‌ಕಾರ್ನ್ ಮತ್ತು ತಂಪು ಪಾನೀಯದ ದರ ಏಕೆ ಅಷ್ಟು ಎಂಬುದಕ್ಕೂ ಉತ್ತರ ಇಲ್ಲಿದೆ. ತಿಂಡಿಯ ಹಣದಲ್ಲಿ ನಿರ್ಮಾಪಕನಿಗೆ ಪಾಲಿಲ್ಲ. ಹೊರಗಿನ ತಿನಿಸು ತರಬಾರದೆಂದು ಹೇಳುವ ಹಕ್ಕು ಮಾಲೀಕರಿಗಿದೆ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿತು. ಶುದ್ಧ ಕುಡಿಯುವ ನೀರನ್ನು ಮಾತ್ರ ಉಚಿತವಾಗಿ ಕೊಡಲೇಬೇಕು. ನೀರಿನ ನಲ್ಲಿ ಎಲ್ಲಿದೆ ಎಂದು ಕೇಳಲು ಪ್ರೇಕ್ಷಕರು ಸಂಕೋಚಪಡಬೇಕಿಲ್ಲ.

ಇನ್ನೂರರ ಮಿತಿ

ಟಿಕೆಟ್‌ಗೆ 200 ರೂಪಾಯಿ ಮಿತಿ ಎಂಬ ಮಾತು ಸರ್ಕಾರದಿಂದ ಮೊದಲು ಬಂದದ್ದು 2017ರ ಬಜೆಟ್‌ನಲ್ಲಿ. ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ಪ್ರಕಟಿಸಿದ್ದರು. ಅದೇ ಮೇ ತಿಂಗಳಲ್ಲಿ ಆದೇಶವೂ ಹೊರಟಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು, ಮಿತಿ ನಿಲ್ಲಲಿಲ್ಲ. 2025ರ ಮಾರ್ಚ್ ಬಜೆಟ್‌ನಲ್ಲಿ ಅವರೇ ಮತ್ತೆ ಪ್ರಕಟಿಸಿದರು. ಸೆಪ್ಟೆಂಬರ್ 12ರಂದು ಅಧಿಸೂಚನೆ ಹೊರಬಿತ್ತು: ಯಾವ ಭಾಷೆಯ ಚಿತ್ರವಾದರೂ, ಏಕಪರದೆಯಾದರೂ ಮಲ್ಟಿಪ್ಲೆಕ್ಸ್ ಆದರೂ, ತೆರಿಗೆ ಬಿಟ್ಟು 200 ರೂಪಾಯಿಗೆ ಮೀರಬಾರದು. 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಐಷಾರಾಮಿ ಪರದೆಗಳಿಗೆ ವಿನಾಯಿತಿ ಇತ್ತು.

ತೆರಿಗೆ ಸೇರಿದರೆ 236. ನಾಲ್ವರ ಸಂಸಾರಕ್ಕೆ 944. ವಾರಾಂತ್ಯದಲ್ಲಿ ದೊಡ್ಡ ಚಿತ್ರಕ್ಕೆ ಇದಕ್ಕಿಂತ ಬಹಳ ಹೆಚ್ಚು ತೆತ್ತವರಿಗೆ ಇದು ಸಣ್ಣ ಉಳಿತಾಯವಲ್ಲ.

ಸಂತೋಷ ಹನ್ನೊಂದು ದಿನವಷ್ಟೇ ಉಳಿಯಿತು. ಸೆಪ್ಟೆಂಬರ್ 23ರಂದು ಹೈಕೋರ್ಟ್ ಮಧ್ಯಂತರ ತಡೆಯಾಜ್ಞೆ ನೀಡಿತು. ಅರ್ಜಿದಾರರಲ್ಲಿ ಮಲ್ಟಿಪ್ಲೆಕ್ಸ್ ಸಂಘದ ಜತೆ ಕನ್ನಡದ್ದೇ ನಿರ್ಮಾಣ ಸಂಸ್ಥೆಯಾದ ಹೊಂಬಾಳೆ ಫಿಲ್ಮ್ಸ್ ಕೂಡ ಇತ್ತು. ಇದನ್ನು ಕೆಲವರು ವಿಚಿತ್ರ ಎಂದರು. ಆದರೆ ಮೇಲಿನ ಲೆಕ್ಕ ನೋಡಿದವರಿಗೆ ವಿಚಿತ್ರವೆನಿಸದು. ಮೊದಲ ವಾರದ ಗಳಿಕೆಯಲ್ಲಿ ಅರ್ಧ ಪಾಲು ಚಿತ್ರ ಕೊಟ್ಟವನದಾದರೆ, ದರ ಇಳಿದಾಗ ಅವನ ಪಾಲೂ ಇಳಿಯುತ್ತದೆ. ಅದರ ‘ಕಾಂತಾರ: ಚಾಪ್ಟರ್ 1’ ಅಕ್ಟೋಬರ್ 2ರಂದು ಬಿಡುಗಡೆಗೆ ಸಿದ್ಧವಾಗಿತ್ತು. ದೊಡ್ಡ ಬಂಡವಾಳದ ಕನ್ನಡ ಚಿತ್ರಕ್ಕೂ ಸಣ್ಣ ಕನ್ನಡ ಚಿತ್ರಕ್ಕೂ ಮಲ್ಟಿಪ್ಲೆಕ್ಸ್‌ನಲ್ಲಿ ಒಂದೇ ಹಿತವಿಲ್ಲ. ಸಣ್ಣ ಚಿತ್ರಕ್ಕೆ ಬೇಕಾದದ್ದು ಸಂಜೆಯ ಆಟ. ದರದ ಮಿತಿ ಅದನ್ನು ಕೊಡಿಸುವುದಿಲ್ಲ. ಮಲ್ಟಿಪ್ಲೆಕ್ಸ್‌ಗಳ ಒಂದು ಪರದೆಯಲ್ಲಿ ಮುಖ್ಯ ವೇಳೆಗೆ ಕನ್ನಡ ಚಿತ್ರ ಕಡ್ಡಾಯ ಎಂಬ ಮಾತೂ 2017ರ ಬಜೆಟ್‌ನಲ್ಲಿತ್ತು. ಜನರ ನೆನಪಿನಲ್ಲಿ ಉಳಿದದ್ದು ಇನ್ನೂರು ರೂಪಾಯಿ ಮಾತ್ರ.

ತಡೆಯಾಜ್ಞೆಯ ನಂತರ ಹೈಕೋರ್ಟ್‌ನ ವಿಭಾಗೀಯ ಪೀಠ ಒಂದು ಷರತ್ತು ಹಾಕಿತು. ಮಾರಿದ ಪ್ರತಿ ಟಿಕೆಟ್‌ನ ಲೆಕ್ಕ ಇಡಬೇಕು, ಕೊನೆಗೆ ಸರ್ಕಾರ ಗೆದ್ದರೆ ಹೆಚ್ಚುವರಿ ಹಣವನ್ನು ಪ್ರೇಕ್ಷಕರಿಗೆ ಮರಳಿಸಲು ಅನುವಾಗಲಿ ಎಂಬುದು ಅದರ ಉದ್ದೇಶ. 2025ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಆ ಷರತ್ತನ್ನೂ ತಡೆಹಿಡಿಯಿತು. ವಿಚಾರಣೆ ವೇಳೆ ಕಾಫಿ ಮತ್ತು ನೀರಿನ ದರಗಳನ್ನು ಪ್ರಸ್ತಾಪಿಸಿದ ನ್ಯಾಯಮೂರ್ತಿಗಳು, ಹೀಗೇ ಆದರೆ ಚಿತ್ರಮಂದಿರಗಳು ಖಾಲಿಯಾಗುತ್ತವೆ ಎಂದು ಎಚ್ಚರಿಸಿದ್ದರು.

ಅಷ್ಟರಲ್ಲಿ ಫೋರಂ ಹೆಸರು ನೆಕ್ಸಸ್ ಆಗಿತ್ತು, ಪಿವಿಆರ್ 2023ರಲ್ಲಿ ಐನಾಕ್ಸ್ ಜತೆ ವಿಲೀನಗೊಂಡಿತ್ತು. ಮೆಜೆಸ್ಟಿಕ್‌ನ ಕಪಾಲಿ, ಬ್ರಿಗೇಡ್ ರಸ್ತೆಯ ರೆಕ್ಸ್, ಎಂ.ಜಿ. ರಸ್ತೆಯ ಪ್ಲಾಜಾ ಇರಲಿಲ್ಲ. ಆಟೋ ಚಾಲಕರಿಗೆ ಮಾತ್ರ ಇಂದಿಗೂ ಅದು ‘ಫೋರಂ’.