ಬಡವರ ಮನೆಯ ಭೂತ

ಐಚ್ಛಿಕ ಕನ್ನಡ ತರಗತಿಯಲ್ಲಿ ಒಂದು ದಿನ ರಸಪ್ರಕರಣವನ್ನು ಪಾಠ ಹೇಳುತ್ತಿದ್ದೆ. ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿ ರಸಗಳೆಂಬುದು ‘ಸಾಹಿತ್ಯದರ್ಪಣ’ದ ವಿಶ್ವನಾಥನ ಮತ. ಅದನ್ನು ವಿವರಿಸುತ್ತ, ಅಂಜಿದವನು ನಗಲಾರ, ನಗುವವನು ಅಂಜಲಾರ ಎಂದು ನನ್ನದೊಂದು ಮಾತನ್ನೂ ಸೇರಿಸಿದೆ. ಹಿಂದಿನ ಸಾಲಿನಿಂದ ಹುಡುಗನೊಬ್ಬ ಎದ್ದು ನಿಂತು, ‘ಹಾಗಾದರೆ ಭೂತ ಬಂದು ನಗಿಸುವ ಚಿತ್ರಗಳನ್ನು ಜನ ಏಕೆ ನೋಡುತ್ತಾರೆ, ಸಾರ್? ಅದರಲ್ಲಿಯೂ ಕಾಸಿಲ್ಲದೆ ತೆಗೆದಂಥವನ್ನು?’ ಎಂದು ಕೇಳಿದ. ತರಗತಿ ನಕ್ಕಿತು. ಅವು ಕಲೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ಹೇಳಿ ಪುಟ ತಿರುವಿದೆ. ಅಧ್ಯಾಪಕರಿಗೆ ಪುಟ ತಿರುವುವ ಸೌಲಭ್ಯವೊಂದು ಉಂಟಷ್ಟೆ.

ಪ್ರಶ್ನೆ ಮಾತ್ರ ನನ್ನೊಡನೆ ಮನೆಯವರೆಗೆ ಬಂದಿತು. ನೋಡದೆಯೇ ತೀರ್ಪು ಕೊಟ್ಟೆನಲ್ಲಾ ಎಂಬ ಅಳುಕು. ಕೊನೆಗೆ ಆ ಹುಡುಗನಿಂದಲೇ ಕೆಲವು ಚಿತ್ರಗಳ ಹೆಸರನ್ನು ಬರೆಸಿಕೊಂಡು, ಬೇಸಗೆಯ ರಜೆಯಲ್ಲಿ ಒಂದೊಂದಾಗಿ ನೋಡಿದೆ.

ಈ ಬಗೆಯ ಚಿತ್ರಗಳಿಗೆ ಹಿರಿಯನೆನಿಸಿಕೊಂಡವರು ಅಮೆರಿಕದ ರೋಜರ್ ಕಾರ್ಮನ್. 2024ರಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. 1959ರ ‘ಎ ಬಕೆಟ್ ಆಫ್ ಬ್ಲಡ್’ ಎಂಬ ಚಿತ್ರವನ್ನು ಅವರು ಐದೇ ದಿನಗಳಲ್ಲಿ ತೆಗೆದರಂತೆ. ಕವಿಗಳೂ ಕಲಾವಿದರೂ ಕಾಲಹರಣ ಮಾಡುವ ಕಾಫಿ ಅಂಗಡಿಯೊಂದರ ಮಾಣಿ ಅದರ ನಾಯಕ. ಅವನಿಗೂ ಕಲಾವಿದನಾಗುವ ಹಂಬಲ, ಕೈಯಲ್ಲಿ ಕಸಬಿಲ್ಲ. ಅಕಸ್ಮಾತ್ತಾಗಿ ಒಂದು ಬೆಕ್ಕನ್ನು ಕೊಂದು, ದಿಕ್ಕು ತೋಚದೆ ಅದಕ್ಕೆ ಜೇಡಿಮಣ್ಣನ್ನು ಮೆತ್ತುತ್ತಾನೆ. ನೋಡಿದ ರಸಿಕರೆಲ್ಲರೂ ಎಂತಹ ನೈಜತೆ, ಎಂತಹ ಶಿಲ್ಪ ಎಂದು ಕೊಂಡಾಡುತ್ತಾರೆ. ಮುಂದೆ ಅವನ ಪ್ರತಿಭೆಗೆ ಬೆಕ್ಕು ಸಾಲದಾಗುತ್ತದೆ. ವಿಮರ್ಶಕವರ್ಗವನ್ನು ಕುರಿತು ಇದಕ್ಕಿಂತ ಹರಿತವಾದ ವಿಡಂಬನೆಯನ್ನು ನಾನು ಗಂಭೀರ ಸಾಹಿತ್ಯದಲ್ಲಿಯೂ ಹೆಚ್ಚಾಗಿ ಕಂಡಿಲ್ಲ. ಅನಂತರ, ಬೇರೊಂದು ಚಿತ್ರಕ್ಕಾಗಿ ಕಟ್ಟಿ ಉಳಿದಿದ್ದ ರಂಗಸಜ್ಜಿಕೆಯನ್ನೇ ಬಳಸಿಕೊಂಡು, ‘ದಿ ಲಿಟ್ಲ್ ಶಾಪ್ ಆಫ್ ಹಾರರ್ಸ್’ ಚಿತ್ರದ ಬಹುಭಾಗವನ್ನು ಎರಡು ಹಗಲು ಒಂದು ರಾತ್ರಿಯಲ್ಲಿ ಮುಗಿಸಿದರು. ಹೂವಿನಂಗಡಿಯ ಗಿಡವೊಂದು ಬಾಯಿಬಿಟ್ಟು ನರಮಾಂಸ ಬೇಡುವ ಕಥೆ ಅದು. ಹಲ್ಲು ಕೀಳಿಸಿಕೊಳ್ಳುವುದರಲ್ಲಿಯೇ ಪರಮಾನಂದ ಪಡುವ ರೋಗಿಯಾಗಿ ಅದರಲ್ಲಿ ಕ್ಷಣಕಾಲ ಕಾಣಿಸುವ ಎಳೆಯ ನಟನೇ ಮುಂದೆ ವಿಖ್ಯಾತನಾದ ಜ್ಯಾಕ್ ನಿಕೋಲ್ಸನ್. ಎರಡು ದಿನದ ಆ ಕೂಸು 1982ರಲ್ಲಿ ಸಂಗೀತನಾಟಕವಾಯಿತು, 1986ರಲ್ಲಿ ಭಾರಿ ವೆಚ್ಚದ ಚಿತ್ರವೂ ಆಯಿತು.

ನ್ಯೂಜಿಲೆಂಡಿನ ಪೀಟರ್ ಜ್ಯಾಕ್ಸನ್ ವಿಚಾರವನ್ನು ಕೇಳಿದರೆ ವಾಚಕರಿಗೆ ಇನ್ನೂ ಸೋಜಿಗವಾದೀತು. ವೃತ್ತಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದ ಆ ತರುಣ, ಗೆಳೆಯರನ್ನು ಕಲೆಹಾಕಿಕೊಂಡು, ವಾರದ ಬಿಡುವಿನ ದಿನಗಳಲ್ಲಿ ನಾಲ್ಕು ವರ್ಷ ಚಿತ್ರಿಸಿದ್ದು 1987ರ ‘ಬ್ಯಾಡ್ ಟೇಸ್ಟ್’. ಅನ್ಯಗ್ರಹದ ರಾಕ್ಷಸರ ಮುಖವಾಡಗಳನ್ನು ಬೇಯಿಸಿದ್ದು ತಾಯಿಯ ಅಡುಗೆಮನೆಯ ಒಲೆಯಲ್ಲಿ! ಅದರಲ್ಲಿ ಎರಡು ಪಾತ್ರಗಳು ಅವನವೇ. ಒಂದಕ್ಕೆ ಗಡ್ಡ ಉಂಟು, ಇನ್ನೊಂದಕ್ಕಿಲ್ಲ. ಕಡಲಂಚಿನ ಬಂಡೆಯ ಮೇಲೆ ಆ ಇಬ್ಬರೂ ಸೆಣಸುತ್ತಾರೆ. ತನ್ನೊಡನೆ ತಾನೇ ಹೊಡೆದಾಡಲು ಗಡ್ಡ ಬೆಳೆಯುವವರೆಗೆ ಕಾದ ಈತನೇ ಮುಂದೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮಾಲೆಯನ್ನು ತೆಗೆದು, ಅದರ ಕೊನೆಯ ಭಾಗಕ್ಕೆ 2004ರಲ್ಲಿ 11 ಆಸ್ಕರ್ ಪ್ರಶಸ್ತಿಗಳನ್ನು ತಂದವನು. ಚಿತ್ರದ ಅಸಹ್ಯಗಳನ್ನು ನಾನು ವರ್ಣಿಸಲಾರೆ. ಇದು ಭಾನುವಾರದ ಬೆಳಗಿನ ಓದು.

ಇವನ್ನು ನೋಡಿ ನಕ್ಕೆನೆ? ನಕ್ಕೆ. ಏಕೆ ನಕ್ಕೆ ಎಂದು ನೋಡಿಕೊಂಡಾಗ ನನಗೆ ಮೊದಲು ನೆನಪಾದವನು ಅಭಿನವಗುಪ್ತ. ಯಾವ ರಸವೇ ಆಗಲಿ, ಅದು ಆಭಾಸವಾದ ಕಡೆ ಹಾಸ್ಯಕ್ಕೆ ಎಡೆಯಾಗುತ್ತದೆಂಬುದು ಆತನ ಅಭಿಪ್ರಾಯ. ಭೂತದ ಹಿಂದೆ ದಾರ ಕಂಡಿತು, ನೆತ್ತರಿನಲ್ಲಿ ಸಕ್ಕರೆಪಾಕ ಕಂಡಿತು; ಭಯ ಆಭಾಸವಾಗಿ ನಗೆ ಬಂದಿತು. ಸಮಸ್ಯೆ ತೀರಿತೆಂದುಕೊಂಡೆ. ಆದರೆ ಈ ವಿವರಣೆಯಲ್ಲಿ ಒಂದು ಕೊರತೆಯಿತ್ತು. ದಾರ ಕಂಡುದಕ್ಕಾಗಿ ನಗುವವನ ನಗೆ ಅಪಹಾಸ್ಯ. ಸೋತವನನ್ನು ಕಂಡು ಗೆದ್ದವನು ನಗುವ ನಗೆ. ಅಂತಹ ನಗೆ ಎರಡನೆಯ ಬಾರಿಗೆ ಬರುವುದಿಲ್ಲ. ಈ ಚಿತ್ರಗಳನ್ನೋ ಜನ ಹತ್ತು ಬಾರಿ ನೋಡುತ್ತಾರೆ, ನೆಂಟರನ್ನು ಕರೆದುಕೊಂಡು ಬಂದು ತೋರಿಸುತ್ತಾರೆ. ಅಪಹಾಸ್ಯಕ್ಕೆ ಯಾರೂ ನೆಂಟರನ್ನು ಕರೆತರುವುದಿಲ್ಲ.

ಗಂಟು ಬಿಚ್ಚಿದ್ದು ಪಟ್ಟಿಯ ಕೊನೆಯಲ್ಲಿದ್ದ ಜಪಾನಿನ ಚಿತ್ರ. ‘ವನ್ ಕಟ್ ಆಫ್ ದಿ ಡೆಡ್’ ಎಂದು ಹೊರನಾಡುಗಳಲ್ಲಿ ಅದರ ಹೆಸರು. ‘ಕ್ಯಾಮೆರಾ ನಿಲ್ಲಿಸಬೇಡಿ’ ಎಂಬುದು ಮೂಲದ ಅರ್ಥ. ಶಿನಿಚಿರೋ ಉಎದಾ ಎಂಬ ತರುಣ ನಿರ್ದೇಶಕ ನಟನಾ ತರಬೇತಿಗೆ ಬಂದಿದ್ದ ಅಪರಿಚಿತ ಮುಖಗಳನ್ನೇ ಕೂಡಿಸಿಕೊಂಡು 2017ರಲ್ಲಿ ಇದನ್ನು ಮಾಡಿದ. ವೆಚ್ಚ 30 ಲಕ್ಷ ಯೆನ್. ಅಂದಿನ ಲೆಕ್ಕದಲ್ಲಿ ನಮ್ಮ ಸುಮಾರು 17 ಲಕ್ಷ ರೂಪಾಯಿ. 2018ರ ಜೂನ್‌ನಲ್ಲಿ ಟೋಕಿಯೋದ ಎರಡೇ ಚಿತ್ರಮಂದಿರಗಳಲ್ಲಿ ತೆರೆಕಂಡು, ಬಾಯಿಂದ ಬಾಯಿಗೆ ಹಬ್ಬಿ, 300 ಕೋಟಿ ಯೆನ್ನಿಗೂ ಮೇಲೆ ಗಳಿಸಿತು.

ಇನ್ನೂ ನೋಡದವರು ಮುಂದಿನ ಎರಡು ಕಂಡಿಕೆಗಳನ್ನು ಬಿಟ್ಟು ಓದುವುದು ಒಳ್ಳೆಯದು. ಹಾಳುಬಿದ್ದ ನೀರು ಶುದ್ಧಿಯ ಕಟ್ಟಡದಲ್ಲಿ ನಡೆದಾಡುವ ಹೆಣಗಳ ಚಿತ್ರವೊಂದನ್ನು ತೆಗೆಯುತ್ತಿರುವಾಗ, ನಿಜವಾದ ಹೆಣಗಳೇ ಬಂದು ಮೈಮೇಲೆ ಬೀಳುತ್ತವೆ. ಮೊದಲ 37 ನಿಮಿಷ ಒಂದೇ ಉಸಿರಿನಲ್ಲಿ, ಎಲ್ಲಿಯೂ ಕತ್ತರಿಸದೆ ತೆಗೆದದ್ದು. ಮತ್ತು, ಹೇಳದೆ ವಿಧಿಯಿಲ್ಲ, ಬಹಳ ಕೆಟ್ಟದಾಗಿ ತೆಗೆದದ್ದು. ಪಾತ್ರಗಳು ಮಾತು ಮರೆತವರಂತೆ ನಿಲ್ಲುತ್ತವೆ. ಪ್ರಾಣ ಹೋಗುವ ಹೊತ್ತಿನಲ್ಲಿ ಹವ್ಯಾಸಗಳ ಬಗೆಗೆ ಹರಟುತ್ತವೆ. ಧ್ವನಿ ಹಿಡಿಯುವವನು ಕಾರಣವಿಲ್ಲದೆ ಹೊರಗೆ ಓಡುತ್ತಾನೆ. ಕ್ಯಾಮೆರಾ ನೆಲದ ಮೇಲೆ ಬಿದ್ದು ಬಹಳ ಹೊತ್ತು ಸುಮ್ಮನಿರುತ್ತದೆ. ನಾನು ಗೆದ್ದವನ ನಗೆಯನ್ನು ಧಾರಾಳವಾಗಿ ನಕ್ಕೆ.

ಅನಂತರ ಕಥೆ ಒಂದು ತಿಂಗಳು ಹಿಂದಕ್ಕೆ ಹೋಗುತ್ತದೆ. ನಾವು ಕಂಡದ್ದು ದೂರದರ್ಶನ ವಾಹಿನಿಯೊಂದಕ್ಕಾಗಿ ನೇರವಾಗಿ ಪ್ರಸಾರವಾದ, ನಿಲ್ಲಿಸಲಾಗದ ಚಿತ್ರವೆಂದು ತಿಳಿಯುತ್ತದೆ. ಬೇಗ, ಅಗ್ಗ, ತಕ್ಕಮಟ್ಟಿಗೆ ಎಂಬುದೇ ತನ್ನ ಬಿರುದಾಗಿರುವ ಸಾಮಾನ್ಯ ನಿರ್ದೇಶಕನೊಬ್ಬ ಅದನ್ನು ಒಪ್ಪಿಕೊಂಡಿದ್ದಾನೆ. ಇಬ್ಬರು ನಟರು ಬಾರದೆ ಹೋದರೆಂದು ಅವನೂ ಅವನ ಹೆಂಡತಿಯೂ ಬಣ್ಣ ಹಚ್ಚಿಕೊಂಡಿದ್ದಾರೆ. ಬಳಿಕ ಅದೇ 37 ನಿಮಿಷ ತೆರೆಯ ಹಿಂದಿನಿಂದ. ಹೊರಗೆ ಓಡಿದವನಿಗೆ ಹೊಟ್ಟೆ ಕೆಟ್ಟಿತ್ತು. ಕ್ಯಾಮೆರಾ ನೆಲದಲ್ಲಿದ್ದುದು ಹಿಡಿದವನ ಸೊಂಟ ಹಿಡಿದುಕೊಂಡಿದ್ದರಿಂದ. ಹರಟೆ ನಡೆದದ್ದು ಹಿಂದೆ ಕೆಟ್ಟುದನ್ನು ಸರಿಪಡಿಸಲು ಹೊತ್ತು ಬೇಕಾಗಿದ್ದರಿಂದ. ಕೊನೆಗೆ ಮೇಲಿನಿಂದ ತೆಗೆಯಬೇಕಾದ ನೋಟಕ್ಕೆ ಯಂತ್ರ ಮುರಿದುಹೋಗುತ್ತದೆ. ಆ ನೋಟ ಬೇಡವೆಂದು ನಿರ್ಮಾಪಕರು ಹೇಳುತ್ತಾರೆ. ನಿರ್ದೇಶಕನ ಮಗಳು ಬಿಡುವುದಿಲ್ಲ. ನಟರು, ಸಹಾಯಕರು, ಬಂದವರು ಹೋದವರೆಲ್ಲರೂ ಮಂಡಿಯೂರಿ ಒಬ್ಬರ ಬೆನ್ನ ಮೇಲೊಬ್ಬರು ಹತ್ತಿ ಗೋಪುರವಾಗುತ್ತಾರೆ. ತುದಿಯಲ್ಲಿ ತಂದೆಯ ಹೆಗಲೇರಿ ಆ ಮಗಳು ಕ್ಯಾಮೆರಾ ಹಿಡಿಯುತ್ತಾಳೆ. ಎಲ್ಲರ ತೋಳುಗಳೂ ನಡುಗುತ್ತಿವೆ. ನಾನು ಮೊದಲು ನಕ್ಕಿದ್ದ ಒಂದೊಂದು ದೋಷವೂ ಒಬ್ಬೊಬ್ಬ ಮನುಷ್ಯನಾಗಿ ಎದುರು ನಿಂತಂತಾಯಿತು. ಈಗಲೂ ನಗೆ ಬರುತ್ತಿತ್ತು, ಕಣ್ಣೂ ಒದ್ದೆಯಾಗಿತ್ತು. ವಿಶ್ವನಾಥನ ಪಟ್ಟಿಯಲ್ಲಿ ಹಾಸ್ಯದ ಇನ್ನೊಂದು ಶತ್ರು ಕರುಣವೆಂಬುದನ್ನು ಮೇಲೆಯೇ ಹೇಳಿದೆನಲ್ಲವೆ?

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ, ಕಾರಣ ಹೆಣಗಳಲ್ಲ. ಹತ್ತು ವರ್ಷಗಳ ಹಿಂದೆ ಅಂತರಕಾಲೇಜು ನಾಟಕ ಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಹಳ್ಳಿಯ ಕಡೆಯ ಕಾಲೇಜಿನ ಮಕ್ಕಳು ಒಂದು ಭೂತದ ನಾಟಕವನ್ನಾಡಿದರು. ಕೆಂಪು ಕಾಗದ ಸುತ್ತಿದ ಬ್ಯಾಟರಿಯೇ ಅವರ ದೀಪವ್ಯವಸ್ಥೆ. ನಡುವೆ ಭೂತದ ಮುಖವಾಡದ ದಾರ ಕಿತ್ತುಹೋಯಿತು. ಆ ಹುಡುಗ ಎಡಗೈಯಿಂದ ಮುಖವಾಡವನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಅಭಿನಯಿಸುತ್ತ, ಒಂದು ಮಾತನ್ನೂ ಬಿಡದೆ ಕೊನೆಮುಟ್ಟಿಸಿದ. ನಾನು ಅಂಕಪಟ್ಟಿಯಲ್ಲಿ ‘ರಸಭಂಗ’ ಎಂದು ಬರೆದೆ. ಅಷ್ಟಕ್ಕೇ ನಿಲ್ಲಬಹುದಾಗಿತ್ತು. ಧ್ವನಿವರ್ಧಕದ ಮುಂದೆ ನಿಂತು, ‘ಭೂತದ ಮುಖ ಭೂತದ ಕೈಯಲ್ಲಿತ್ತು’ ಎಂದೆ. ಸಭೆ ಗೊಳ್ಳೆಂದು ನಕ್ಕಿತು. ಆ ಹುಡುಗ ಪಕ್ಕದ ಪರದೆಯ ಬಳಿ ಮುಖವಾಡವನ್ನು ಹಿಡಿದುಕೊಂಡೇ ನಿಂತಿದ್ದ. ಚಮತ್ಕಾರದ ಮಾತೆಂದು ಅದನ್ನು ಎಷ್ಟೋ ಕಡೆ ಹೇಳಿಕೊಂಡಿದ್ದೇನೆ. ಅವನ ಹೆಸರು ಮಾತ್ರ ನನಗೆ ಗೊತ್ತಿಲ್ಲ.

ಬಡವರ ಮನೆ ಊಟ ಚೆಂದ, ದೊಡ್ಡವರ ಮನೆ ನೋಟ ಚೆಂದ ಎಂಬ ಗಾದೆ ಈ ಚಿತ್ರಗಳಿಗೆ ಒಪ್ಪುತ್ತದೆ. ದೊಡ್ಡ ಚಿತ್ರದ ಭೂತ ನಿರ್ದುಷ್ಟವಾಗಿ ಬಂದು ನಿರ್ದುಷ್ಟವಾಗಿ ಹೋಗುತ್ತದೆ; ಅದನ್ನು ಮಾಡಿದ ಕೈ ನಮಗೆ ಕಾಣುವುದಿಲ್ಲ. ಬಡ ಚಿತ್ರದಲ್ಲಿ ಬಡಿಸಿದ ಕೈಯೇ ಮೊದಲು ಕಾಣುತ್ತದೆ. ಜಪಾನಿನ ಈ ಕಥೆಯನ್ನೇ ಫ್ರೆಂಚರು ಮತ್ತೆ ತೆಗೆದರು. 2022ರ ಕಾನ್ ಉತ್ಸವ ಆರಂಭವಾದದ್ದೇ ಅದರಿಂದ. ಕೆಲಸ ಅಚ್ಚುಕಟ್ಟಾಗಿದೆ. ಆದರೆ ಉಳ್ಳವರು ಬಡತನದ ವೇಷ ಹಾಕಿದಂತೆ ನನಗೆ ತೋರಿತು.

ನಮ್ಮಲ್ಲಿಯೂ 2025ರ ‘ಸು ಫ್ರಮ್ ಸೋ’ ಮಿತವೆಚ್ಚದಲ್ಲಿಯೇ ಇದನ್ನು ಸಾಧಿಸಿತು. ಕರಾವಳಿಯ ಹಳ್ಳಿಯ ತರುಣನೊಬ್ಬ ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಊರಿಗೆ ಊರೇ ಆ ನಟನೆಯನ್ನು ಹೊತ್ತು ಮೆರೆಸುತ್ತದೆ. ಇಲ್ಲದ ದೆವ್ವಕ್ಕಿಂತ ಅಗ್ಗದ ದೆವ್ವ ಉಂಟೆ? ಸೋಮೇಶ್ವರದ ಸುಲೋಚನೆಯನ್ನು ನಾವು ಕಣ್ಣಾರೆ ಕಾಣುವುದಕ್ಕಿಂತ, ಅವಳ ಹೆಸರು ಕೇಳಿ ಬೆವರುವ ನೆರೆಹೊರೆಯವರನ್ನೇ ಕಾಣುತ್ತೇವೆ. ಅವರೋ ನಮಗೆ ಬಹಳ ಗುರುತಿನವರು.

ಈ ಸಲದ ಕಾಲೇಜು ವಾರ್ಷಿಕೋತ್ಸವಕ್ಕೆ ಆ ಹಿಂದಿನ ಸಾಲಿನ ಹುಡುಗನೂ ಅವನ ಗೆಳೆಯರೂ ಒಂದು ಭೂತದ ಪ್ರಹಸನವನ್ನು ಆಡುತ್ತಾರೆ. ತೀರ್ಪುಗಾರರಾಗಿ ಎಂದು ಕೇಳಲು ಬಂದಿದ್ದರು. ಬೇರೆ ಯಾವುದಾದರೂ ಕೆಲಸ ಕೊಡಿರೆಂದೆ. ಬಿಳಿಯ ಪಂಚೆಗಳನ್ನು ಒದಗಿಸುವ ಭಾರ ನನ್ನ ಪಾಲಿಗೆ ಬಂದಿದೆ. ಮನೆಯಲ್ಲಿ ಎರಡು ಸಿಕ್ಕಿವೆ. ಒಂದಕ್ಕೆ ಅಂಗೈಯಗಲ ಅರಿಸಿನದ ಕಲೆಯಿದೆ. ನಾಲ್ಕನೆಯ ಸಾಲಿನಿಂದಾಚೆಗೆ ಕಾಣುವುದಿಲ್ಲವೆಂದು ಹುಡುಗರು ಹೇಳುತ್ತಾರೆ.